ಇಂಟರ್‌ವ್ಯೂ ಎಷ್ಟೊತ್ತಿಗೆ ಮೇಡಂ?

ಮೊನ್ನೆ ಮದುವೆಮನೆಯೊಂದರಲ್ಲಿ ಮೈಕಿನವನು "ಹಲೋ, ಚೆಕ್" ಎಂದದ್ದೇ ತಡ, ನನ್ನ ಅಂಗೈ ಬೆವರಿತು. ನಿಮಗೆ ತಮಾಷೆಯೆನಿಸಬಹುದು. ತಾಳಿ ಕಟ್ಟಿಸಿಕೊಳ್ಳುವಾಗ ಅಲುಗದವಳು ನಾನು. ಇದಕ್ಕೆಲ್ಲ ಕಾರಣ ಎಷ್ಟೋ ವರ್ಷಗಳ ಹಿಂದೆ ಅರಸೀಕೆರೆಯ ಸಮುದಾಯ ಭವನದಲ್ಲಿ ನಾನು ಕಳೆದ ಒಂದು ಭಾನುವಾರ.

ಎರಡು ಸಾವಿರದ ಇಸವಿ ದಾಟಿದ ಹೊಸತು. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ಹಳೇಬೀಡಿನ ಧರಣೇಂದ್ರ ಅಂಗಡಿಗಳಿಗೆ ಬಿಲ್ ಹಾಕುವ ಪ್ರೋಗ್ರಾಂ ಬರೆದುಕೊಡುತ್ತಿದ್ದರು. ಎಲ್ಲಾದರೂ ತೊಡಕಾದರೆ ಕೇಳಲು ನಮ್ಮಿಬ್ಬರಿಗೂ ಸುತ್ತಮುತ್ತ ಯಾರೂ ಇರಲಿಲ್ಲ.

"ನಮ್ಮಂಥೋರು ಇನ್ನೂ ಇರ್ತಾರೆ ಕಣ್ರೀ. ಒಂದಿನ ಎಲ್ಲಾ ಒಟ್ಟಿಗೆ ಕೂತ್ಕೊಳ್ಳೋಣ" ಎಂದರು ಧರಣೇಂದ್ರ.

ಬೆಂಗಳೂರಿನ ಇಬ್ಬರು ಇಂಜಿನಿಯರುಗಳು ಬಂದು ಪಾಠ ಹೇಳಲು ಒಪ್ಪಿದರು. ಊಟಕ್ಕೆ ಚಿತ್ರಾನ್ನ, ಮೊಸರನ್ನ. ಜನ ಬಾರದಿದ್ದರೆ ಗತಿಯೇನೆಂದು ಹೆದರಿ ನಾನು ಮಾಲೇಕಲ್ಲಿನ ಸ್ವಾಮಿಗೆ ಹರಕೆ ಹೊತ್ತೆ. ಧರಣೇಂದ್ರ ಕೇಬಲ್ ಟಿವಿಯವನಿಗೆ ಹೇಳಿ, ಪರದೆಯ ಕೆಳಗೆ ಓಡುವ ಅಕ್ಷರಗಳಲ್ಲಿ ಒಂದು ಸಾಲು ಹಾಕಿಸಿದರು. ಕೇಬಲಿನವನು ಧಾರಾಳಿ. ಬೆಂಗಳೂರಿನ ಕಂಪ್ಯೂಟರ್ ಇಂಜಿನಿಯರುಗಳು ಬರುತ್ತಾರೆ ಎಂಬುದರ ಜೊತೆಗೆ "ನಿರುದ್ಯೋಗಿಗಳಿಗೆ ಸುವರ್ಣಾವಕಾಶ" ಎಂದು ತನ್ನ ಕಡೆಯಿಂದಲೂ ಸೇರಿಸಿದ್ದ. ನಮ್ಮ ಮನೆಗೆ ಕೇಬಲ್ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನೋಡಿದರೆ ಭವನದ ಮುಂದೆ ರಸ್ತೆಯೇ ಕಾಣದಷ್ಟು ಜನ. ಇಸ್ತ್ರಿ ಮಾಡಿದ ಅಂಗಿಯ ಹುಡುಗರು, ಜೊತೆಗೆ ಅವರ ಅಪ್ಪಂದಿರು. ಒಬ್ಬರು ಕೇಳಿದರು: "ಇಂಟರ್‌ವ್ಯೂ ಎಷ್ಟೊತ್ತಿಗೆ ಮೇಡಂ?"

ಹೇಗೋ ಒಳಸೇರಿ ಬಾಗಿಲು ಹಾಕಿಕೊಂಡೆ. ಧರಣೇಂದ್ರರ ಮುಖ ಸುಣ್ಣವಾಗಿತ್ತು. "ಬೆಂಗಳೂರಿನೋರನ್ನ ಸ್ಟೇಷನ್ನಲ್ಲೇ ನಿಲ್ಲಿಸ್ತೀನಿ. ನೀವು ಇವ್ರಿಗೆ ಹೇಗಾದ್ರೂ ಹೇಳಿ" ಎಂದು ಹಿಂಬಾಗಿಲಿನಿಂದ ಹೊರಟೇಬಿಟ್ಟರು. ಹೊರಗಿದ್ದವರು ಬಾಗಿಲು ಬಡಿಯತೊಡಗಿದರು. ಎಲ್ಲೋ ಕಿಟಕಿಯ ಗಾಜು ಒಡೆದ ಸದ್ದು. ಇನ್ನು ತಡಮಾಡಿದರೆ ಬಾಗಿಲೇ ಉಳಿಯದೆನಿಸಿ ಮೈಕು ಹಿಡಿದು ಮೆಟ್ಟಿಲಿಗೆ ಬಂದೆ.

"ಕೆಲಸ ಕೊಡೋರು ಯಾರೂ ಬರ್ತಿಲ್ಲ. ತಪ್ಪು ಸುದ್ದಿ ಹೋಗಿದೆ. ಪ್ರೋಗ್ರಾಂ ಬರೆಯೋರು ಕೂತು ಮಾತಾಡ್ತೀವಿ, ಅಷ್ಟೇ."

ಬೈಗುಳ ಶುರುವಾಯಿತು. ಒಬ್ಬ ತಂದೆ ಮೆಟ್ಟಿಲೇರಿ ಬಂದು, "ಮಕ್ಕಳ ಆಸೆ ಅಂದ್ರೆ ಆಟವೇನಮ್ಮ ನಿಮ್ಗೆ?" ಎಂದರು. "ಅಲ್ಲ" ಎಂದೆ, ಅದೂ ಮೈಕಿನಲ್ಲಿ.

ಆಗ ಕಣಕಟ್ಟೆಯಿಂದ ಮಗಳನ್ನು ಕರೆತಂದಿದ್ದ ಹೆಂಗಸೊಬ್ಬರು ಮುಂದೆ ಬಂದರು. "ಕೆಲ್ಸ ಇಲ್ಲಾಂದ್ರೆ ಹೋಗ್ಲಿ. ನಮ್ಗೆ ಬಸ್ಸು ಸಂಜೆಗೈತೆ. ಅಲ್ಲೀಗಂಟ ಇವ್ಳು ಒಳಗೆ ಕೂತ್ಕಬೋದಾ?"

ಬಹಳ ಜನ ಶಪಿಸುತ್ತ ಹೋದರು. ಒಂದಷ್ಟು ಜನ ಆ ಹುಡುಗಿಯ ಹಿಂದೆ ಒಳಗೆ ಬಂದರು. ಕುರ್ಚಿ ಸಾಲದೆ ನೆಲದ ಮೇಲೆ ಕೂತರು. ಗಲಾಟೆ ಇಳಿದ ಸುದ್ದಿ ಕೇಳಿ ಧರಣೇಂದ್ರ ಅತಿಥಿಗಳನ್ನು ಕರೆತಂದರು. ಪಾಠ ನಡೆಯಿತು. ಯಾರು ಕೆಮ್ಮಿದರೂ ನಾನು ಬೆಚ್ಚುತ್ತಿದ್ದೆ.

ಭಯ ಹೋಯಿತೆಂದರೆ ಸುಳ್ಳಾದೀತು. ಈಗಲೂ ಇಂಥದ್ದೊಂದು ದಿನ ಏರ್ಪಡಿಸಿದರೆ ಮೊದಲು ಹಿಂಬಾಗಿಲು ಎಲ್ಲಿದೆಯೆಂದು ನೋಡಿಕೊಳ್ಳುತ್ತೇನೆ. ಹಾಗೆಂದು ಒಳಗೆ ಕೂರುವುದಿಲ್ಲ. ಎಲ್ಲರಿಗಿಂತ ಮೊದಲು ಬಂದು ಹೊರಗೆ ನಿಂತು, ಬಂದ ಒಬ್ಬೊಬ್ಬರನ್ನೂ ಕೇಳುತ್ತೇನೆ: "ಏನಂದ್ಕೊಂಡು ಬಂದ್ರಿ?"