ಸುಂದ್ರಕ್ಕನ್ನ ಕರ್ಕೊಂಡು ಅಮೇರಿಕದ ನಟಿ ನೋಡಕ್ಕೆ ಹೋಗಿದ್ದು

ಬೆಳಿಗ್ಗೆ ಆರೂವರೆ ಬಸ್ಸಿಗೆ ಗುಂಡ್ಲುಪೇಟೆ ಬಿಟ್ಟೆ. ಮೈಸೂರಿಗೆ ಅರವತ್ತು ಕಿಲೋಮೀಟ್ರು, ಟಿಕೆಟ್ಟು ಹತ್ತೊಂಬತ್ತು ರೂಪಾಯಿ. ತೊಂಬತ್ತೊಂಬತ್ತನೇ ಇಸವಿ ಫೆಬ್ರವರಿ ತಿಂಗಳು. ನನ್ನ ಸೀಟಿನ ಕಿಟಕಿ ಗಾಜು ಮುಚ್ಚಕ್ಕೇ ಬರ್ತಿರ್ಲಿಲ್ಲ, ಬೇಗೂರು ದಾಟೋವರೆಗೂ ಚಳಿಗಾಳಿ ಕಿವಿಗೆ ಹೊಡೀತು. ತೊಡೆ ಮೇಲೆ ಒಂದು ಬಟ್ಟೆ ಚೀಲ ಇಟ್ಕೊಂಡಿದ್ದೆ. ಅದರಲ್ಲಿ ಎಲೆ, ಅಡಿಕೆ, ಒಂದು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು. ನಮ್ಮ ಕಡೆ ಪೌರಾಣಿಕ ನಾಟಕಕ್ಕೆ ಹೆಣ್ಣು ಪಾರ್ಟಿನೋರನ್ನ ಕರೀಬೇಕಾದ್ರೆ ಬರೀ ಬಾಯಿಮಾತು ನಡಿಯಲ್ಲ, ವೀಳ್ಯ ಕೊಡಬೇಕು. ಅವರು ವೀಳ್ಯ ಕೈಲಿ ತಗೊಂಡ್ರು ಅಂದ್ರೆ ಬಂದೇ ಬರ್ತಾರೆ ಅಂತ ಅರ್ಥ.

ಆ ವೀಳ್ಯ ಮೈಸೂರಿನ ಉದಯಗಿರೀಲಿ ಇರೋ ಸುಂದ್ರಮ್ಮನೋರಿಗೆ. ನಾವೆಲ್ಲ ಸುಂದ್ರಕ್ಕ ಅಂತೀವಿ. ಮೂವತ್ತು ವರ್ಷದಿಂದ ನಮ್ಮ ಸೀಮೇಲಿ ತಾಯಿ ಪಾರ್ಟು ಅಂದ್ರೆ ಅವರೇ. ರಾಜನ ಪಾರ್ಟಿಗೆ ನಮ್ಮೂರಲ್ಲಿ ಜಗಳ ಆಗ್ತದೆ, ತಾಯಿ ಪಾರ್ಟು ಯಾರಿಗೂ ನೆನಪೇ ಇರಲ್ಲ. ಆದ್ರೆ ಸುಂದ್ರಕ್ಕ ಪರದೆ ಪಕ್ಕ ನಿಂತು, ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿ ಒಳಗೆ ಕಾಲಿಟ್ರೆ, ಕಡಲೆಕಾಯಿ ತಿನ್ನೋರು ಸಹ ಬಾಯಿ ನಿಲ್ಲಿಸ್ತಿದ್ರು. ಮೂವತ್ತು ವರ್ಷ ಆಗೋವರೆಗೂ ನನಗೆ ಅಕ್ಷರ ಗೊತ್ತಿರ್ಲಿಲ್ಲ. ನನ್ನ ಕಾವಲುಗಾರನ ಪಾರ್ಟಿನ ಮಾತನ್ನೆಲ್ಲ ಬಾಯಲ್ಲೇ ಹೇಳಿಕೊಟ್ಟೋರು ಅವರು. ರಾತ್ರಿ ಶಾಲೆ ಸೇರ್ಕೋ ಅಂತ ಅಟ್ಟಿದ್ದೂ ಅವರೇ. ಇದನ್ನ ಈಗ ಒಂದೊಂದೇ ಅಕ್ಷರ ಕುಟ್ತಾ ಟೈಪ್ ಮಾಡ್ತಿದ್ದೀನಿ ಅಂದ್ರೆ ಅದು ಅವರ ದಯೆ.

ಅದರ ಹಿಂದಿನ ವರ್ಷ ಪಕ್ಕದೂರಿನ ನಾಟಕದಲ್ಲಿ ತಾಯಿ ಅಳೋ ಸೀನು ನಡೀತಿರುವಾಗ ಹುಡುಗರು ಶಿಳ್ಳೆ ಹೊಡೆದು, "ಮುದುಕಿ ಸಾಕು, ಡ್ಯಾನ್ಸ್ ಬುಡ್ರೋ" ಅಂತ ಕೂಗಿಬಿಟ್ರು. ಸುಂದ್ರಕ್ಕ ಪದ ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋದ್ರು. ಅವತ್ತಿಂದ ಯಾರು ಕರೆದ್ರೂ ಬಣ್ಣ ಹಚ್ಚಿರ್ಲಿಲ್ಲ. ಆ ಸಲ ಉಗಾದಿಗೆ ನಮ್ಮೂರ ನಾಟಕ ಇತ್ತು. ಅವರು ಒಪ್ಪದೆ ಹೋದ್ರೆ ತಾಯಿ ಸೀನನ್ನೇ ತೆಗೆದು ರೆಕಾರ್ಡ್ ಡ್ಯಾನ್ಸ್ ಹಾಕ್ಸೋಣ ಅಂತ ನಮ್ಮ ನಾಟಕ ಸಂಘದೋರು ತೀರ್ಮಾನ ಮಾಡಿದ್ರು. ನಾನು ಒಂದು ಸಲ ಹೋಗಿ ಕೇಳಿ ಬರ್ತೀನಿ ಅಂತ ಹಟ ಮಾಡಿ ಹೊರಟಿದ್ದೆ.

ಜೇಬಲ್ಲಿ ಎರಡು ಪಾಸೂ ಇತ್ತು. ನನ್ನ ರಾತ್ರಿ ಶಾಲೆ ಮೇಷ್ಟ್ರ ಮಗಳು ವೀಣಾ ಮೇಡಂ ಮೈಸೂರಿನ ಕಾಲೇಜಲ್ಲಿ ಇಂಗ್ಲಿಷ್ ಪಾಠ ಮಾಡ್ತಾರೆ. ಅಮೇರಿಕದ ಒಬ್ಬ ವಯಸ್ಸಾದ ನಟಿ ಬಂದಿದ್ದಾರೆ, ತಮ್ಮ ಕೆಲಸದ ಬಗ್ಗೆ ಮಾತಾಡ್ತಾರೆ, ನಾನೇ ಕನ್ನಡದಲ್ಲಿ ಹೇಳ್ತೀನಿ ಬನ್ನಿ ಅಂತ ಪಾಸು ಕಳಿಸಿದ್ರು. ಸುಂದ್ರಕ್ಕನ್ನೂ ಕರ್ಕೊಂಡು ಹೋದ್ರೆ ಮನಸ್ಸು ಕರಗಬಹುದು ಅಂತ ನನ್ನ ಲೆಕ್ಕ.

ನಂಜನಗೂಡಲ್ಲಿ ಬಸ್ಸು ಹತ್ತು ನಿಮಿಷ ನಿಲ್ತು, ಕಾಫಿ ಕುಡಿದೆ. ಕಡಕೊಳದಲ್ಲಿ ಫ್ಯಾಕ್ಟರಿ ರಾತ್ರಿ ಪಾಳಿ ಮುಗಿಸಿದ ಹುಡುಗರು ಹತ್ತಿ, ನಿಂತ್ಕೊಂಡೇ ನಿದ್ದೆ ಹೋದ್ರು. ಮೈಸೂರು ಸ್ಟ್ಯಾಂಡಲ್ಲಿ ಇಳಿದು ಸಿಟಿ ಬಸ್ಸು ಹಿಡಿದು ಉದಯಗಿರಿಗೆ ಹೋದೆ. ಸುಂದ್ರಕ್ಕನ ಮನೆ ಒಂದು ಸ್ಕೂಟರ್ ರಿಪೇರಿ ಅಂಗಡಿ ಹಿಂದೆ. ಸೆರಗನ್ನ ಹೆಗಲ ತುಂಬ ಹೊದ್ಕೊಂಡು ಬಾಗಿಲಲ್ಲಿ ಅಕ್ಕಿ ಆರಿಸ್ತಾ ಕೂತಿದ್ರು. ನನ್ನ ಚೀಲ ನೋಡಿದ್ರು.

"ಏನ್ ಮಾದೇವ, ಎಣ್ಣು ಕೇಳಕ್ ಬಂದಂಗೆ ಬಂದಿದ್ದೀಯ?"

"ಉಗಾದಿಗೆ ನಾಟಕ ಅಕ್ಕ."

"ಆಡ್ರಪ್ಪ. ಚೆನ್ನಾಗ್ ಆಡಿ. ತಿಂಡಿ ತಿಂದ್ಯಾ?"

"ವೀಳ್ಯ ತಂದಿದ್ದೀನಿ."

"ತಗಂಡೋಗಿ ನಿನ್ನೆಂಡ್ರಿಗೆ ಕೊಡು. ಎಲೆ ಆಕ್ಕಂಡು ನಿನ್ನ ಬೈಕಂಡು ಕೂತ್ಕಳ್ಲಿ."

ಉಪ್ಪಿಟ್ಟು ಕೊಟ್ರು. ಚೀಲದ ಕಡೆ ತಿರುಗಿ ಸಹ ನೋಡ್ಲಿಲ್ಲ. ನಾನು ಉಪ್ಪಿಟ್ಟು ತಿಂತಾ ಅಮೇರಿಕದೋರ ವಿಷಯ ತೆಗೆದೆ.

"ಎಷ್ಟ್ ವಯಸ್ಸಂತೆ?"

"ಎಪ್ಪತ್ತು ದಾಟೈತಂತೆ."

"ಇನ್ನೂ ಆಡ್ತಾವ್ಳಾ? ಏನ್ ಪಾರ್ಟು, ರಾಣೀದಾ?"

"ಇಲ್ಲ ಅಕ್ಕ. ತಾಯಿ, ಪಕ್ಕದ್ಮನೆಯೋಳು, ಅಡಿಗೆಯೋಳು. ನಾಯಕಿ ಪಾರ್ಟು ಒಂದ್ಸಲಾನೂ ಸಿಕ್ಕಿಲ್ವಂತೆ."

ಸುಂದ್ರಕ್ಕ ಅಕ್ಕಿ ಮೊರ ಪಕ್ಕಕ್ಕಿಟ್ಟು ಒಳಗೆ ಹೋದ್ರು. ಬೇರೆ ಸೀರೆ ಉಟ್ಕೊಂಡು ಹೊರಗೆ ಬಂದು, "ವೀಳ್ಯಕ್ಕಲ್ಲ ಕಣಪ್ಪ, ಅವ್ಳನ್ನ ನೋಡಕ್ಕೆ ಬತ್ತಿರಾದು" ಅಂದ್ರು.

ಕುಕ್ಕರಹಳ್ಳಿ ಕೆರೆ ಹತ್ತಿರ ಇದ್ದ ಹಾಲಿಗೆ ಆಟೋದಲ್ಲಿ ಹೋದ್ವಿ. ಅಷ್ಟೊತ್ತಿಗೆ ಬಿಸಿಲು ಚುರುಗುಟ್ತಿತ್ತು, ಒಳಗೆ ಫ್ಯಾನಿನ ಗಾಳಿ ತಣ್ಣಗಿತ್ತು. ಕಾಲೇಜು ಹುಡುಗರು, ನಾಟಕದೋರು ತುಂಬಿದ್ರು. ಆ ನಟಿ ಹೆಸರು ಹ್ಯಾರಿಯೆಟ್. ಕುಳ್ಳಗೆ, ದಪ್ಪಗೆ, ಕತ್ತರಿಸಿದ ಬಿಳಿ ಕೂದಲು, ಕಾಲಿಗೆ ಬಟ್ಟೆ ಶೂ. ಮುಖದಲ್ಲಿ ಸಿನಿಮಾದೋರ ಥಳುಕು ಒಂಚೂರೂ ಇಲ್ಲ. ರೇಷನ್ ಕ್ಯೂನಲ್ಲಿ ನಮ್ಮ ಮುಂದೆ ನಿಂತಿದ್ರೆ ಗೊತ್ತಾಗ್ತಿರ್ಲಿಲ್ಲ.

ಅವರ ಅಪ್ಪ ಸಣ್ಣ ಊರಲ್ಲಿ ಲಾಂಡ್ರಿ ಇಟ್ಟಿದ್ರಂತೆ. ನ್ಯೂಯಾರ್ಕಿಗೆ ಬಂದು ನಾಟಕದೋರ ಬಾಗಿಲು ತಟ್ಟಿದ ಮೊದಲನೇ ದಿನಾನೇ, ಈ ಮುಖಕ್ಕೆ ನಾಯಕಿ ಪಾರ್ಟು ಬರಲ್ಲ ಅಂದ್ರಂತೆ. "ಇಪ್ಪತ್ತೆರಡಕ್ಕೇ ಅಜ್ಜಿ ಪಾರ್ಟು ಮಾಡಿದೆ. ಆಗ ಬಣ್ಣಕ್ಕೆ ಖರ್ಚಾಗ್ತಿತ್ತು, ಈಗ ಉಳೀತಿದೆ" ಅಂತ ವೀಣಾ ಮೇಡಂ ಅವರ ಮಾತನ್ನ ಕನ್ನಡದಲ್ಲಿ ಹೇಳಿದಾಗ ಹಾಲೆಲ್ಲ ನಕ್ತು. ತುಂಬ ವರ್ಷ ಬರೀ ಸ್ಟೇಜು. ಆಮೇಲೆ ಸಿನಿಮಾದಲ್ಲಿ ನರ್ಸು, ಬಾಡಿಗೆ ಮನೆ ಓನರಮ್ಮ, ಜಡ್ಜಿ ಹೆಂಡತಿ. ಮಧ್ಯದಲ್ಲಿ ಯಾರೂ ಕರೀಲಿಲ್ಲ ಅಂತ ಶೂ ಅಂಗಡಿ ಕೆಲಸಕ್ಕೆ ಸೇರಿದ್ರಂತೆ. ಗಿರಾಕಿ ಕಾಲಿಗೆ ಶೂ ಹಾಕ್ತಾ, ಯಾರು ಹೆಂಗೆ ನಡೀತಾರೆ, ಯಾಕೆ ಹಂಗೆ ನಡೀತಾರೆ ಅಂತ ನೋಡ್ಕೊಂಡ್ರಂತೆ. ಅದೇ ನನ್ನ ಶಾಲೆ ಅಂದ್ರು. ನನಗೆ ಆ ಮಾತು ಬಹಳ ಹಿಡಿಸ್ತು.

ಒಂದು ದೊಡ್ಡ ಟಿ.ವಿ. ಇಟ್ಟು ಅವರ ಸಿನಿಮಾ ತುಂಡುಗಳನ್ನ ತೋರಿಸಿದ್ರು. ಒಂದರಲ್ಲಿ ಮಗನ್ನ ಹುಡುಕ್ಕೊಂಡು ಯಾರೋ ಬಾಗಿಲು ತಟ್ತಾರೆ. ಇವರು ಬಾಗಿಲು ತೆಗೆದು, "ಅವನು ಇಲ್ಲಿಲ್ಲ" ಅಂತ ಹೇಳಿ ಹಾಕ್ಕೊಳ್ತಾರೆ. ಅಷ್ಟೇ.

"ಇಷ್ಟಕ್ಕೆ ಅಷ್ಟ್ ದೂರದಿಂದ ಬಂದ್ಳಾ?" ಅಂತ ಸುಂದ್ರಕ್ಕ ನನ್ನ ಕಿವೀಲಿ ಅಂದ್ರು.

ಕ್ಯಾಸೆಟ್ಟು ಹಿಂದಕ್ಕೆ ಸುತ್ತಿ ಇನ್ನೊಂದು ಸಲ ಹಾಕಿದ್ರು. ಆಗ ನನಗೆ ಕಾಣಿಸ್ತು, ಅವರ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ತಟ್ಟಿದ್ದು ಮಗನೇ ಇರಬೇಕು ಅಂತ ಆ ತಾಯಿ ಓಡಿ ಬಂದಿದ್ದಾಳೆ. ಬಾಯಲ್ಲಿ "ಇಲ್ಲ" ಅನ್ನೋದು ಬಿಟ್ರೆ ಏನೂ ಹೇಳಲ್ಲ. ಸುಂದ್ರಕ್ಕಂಗೂ ಅದು ಕಾಣಿಸ್ತು. ಕುರ್ಚಿ ತುದಿಗೆ ಬಂದು ಕೂತ್ರು.

ಆಮೇಲೆ ಇನ್ನೊಂದು ಸಿನಿಮಾದ ಅಡಿಗೆಮನೆ ಸೀನು. ಮಗ ಬಾಗಿಲಲ್ಲಿ ನಿಂತು, ಮನೆ ಬಿಟ್ಟು ಹೋಗ್ತಿದ್ದೀನಿ ಅಂತಾನೆ. ತಾಯಿ ನಮಗೆ ಬೆನ್ನು ಹಾಕ್ಕೊಂಡು ತಟ್ಟೆ ತೊಳೀತಿದ್ದಾಳೆ. ಕೈ ನಿಲ್ತು. ನಲ್ಲಿ ನೀರು ಸುರೀತಾನೇ ಇತ್ತು. ಹೆಗಲು ಒಂದು ಸಲ ಮೇಲೆದ್ದು ಮೆಲ್ಲಗೆ ಇಳೀತು. ತಿರುಗ್ಲೇ ಇಲ್ಲ.

"ಅಯ್ಯೋ, ಜನಕ್ಕೆ ಬೆನ್ನು ತೋರ್ಸ್ಬುಟ್ಳಲ್ಲೋ!" ಅಂತ ಸುಂದ್ರಕ್ಕ ಜೋರಾಗಿ ಅಂದುಬಿಟ್ರು. ಸ್ಟೇಜಿನ ಗಂಟಲು ಅದು, ಇಡೀ ಹಾಲಿಗೆ ಕೇಳ್ತು. ಹುಡುಗರು ಹಿಂತಿರುಗಿ ನೋಡಿದ್ರು. ನನಗೆ ನಾಚಿಕೆ ಆಗೋಯ್ತು.

ಸುಂದ್ರಕ್ಕ ಏನಂದಿದ್ದು ಅಂತ ಹ್ಯಾರಿಯೆಟ್ಟಮ್ಮ ವೀಣಾ ಮೇಡಂನ ಕೇಳಿ, ಸುಂದ್ರಕ್ಕನ್ನ ಮೇಲಕ್ಕೆ ಕರೆದ್ರು. ಮೆಟ್ಟಿಲು ಹತ್ತೋ ಮೊದಲು ಸುಂದ್ರಕ್ಕ ಬಗ್ಗಿ ಸ್ಟೇಜು ಮುಟ್ಟಿ ಕಣ್ಣಿಗೆ ಒತ್ಕೊಂಡ್ರು. ಅದನ್ನ ನೋಡಿ ಹ್ಯಾರಿಯೆಟ್ಟಮ್ಮನೂ ಬಗ್ಗಿ ಮುಟ್ಟಿದ್ರು.

"ನಮ್ಮಲ್ಲಿ ಬೆನ್ನು ತೋರ್ಸಲ್ಲ ಕಣಮ್ಮ. ಕೂತಿರೋ ಜನ ಅಂದ್ರೆ ದೇವ್ರು. ಒಳಕ್ಕೋಗೋವಾಗ್ಲೂ ಮುಖ ಇತ್ಲಾಗೇ ಇರ್ಬೇಕು, ಇಂದಿಂದಕ್ಕೇ ಎಜ್ಜೆ ಇಟ್ಕಂಡು ಓಯ್ತೀವಿ" ಅಂತ ಸುಂದ್ರಕ್ಕ ಮಾಡಿ ತೋರಿಸಿದ್ರು. ಹ್ಯಾರಿಯೆಟ್ಟಮ್ಮ ತಾನೂ ಹಂಗೇ ಹಿಂದಕ್ಕೆ ನಡೆಯಕ್ಕೆ ಹೋಗಿ ಟಿ.ವಿ. ಮೇಜಿಗೆ ಗುದ್ದಿಕೊಂಡ್ರು. ಸುಂದ್ರಕ್ಕ ಕೈ ಹಿಡಿದು, "ಅಯ್ಯೋ, ನಿಧಾನ ಕಣವ್ವ, ಇಂದೆ ಕಣ್ಣಿಲ್ಲ ನಿಂಗೆ" ಅಂದಾಗ ಚಪ್ಪಾಳೆ ಬಿತ್ತು.

ಆಮೇಲೆ ಹ್ಯಾರಿಯೆಟ್ಟಮ್ಮ ಹೇಳಿದ್ರು. ಆ ಸಿನಿಮಾದಲ್ಲಿ ಇವರು ಮುಖ ತೋರಿಸಿ ಮಾತಾಡಿದ್ದ ಸೀನೆಲ್ಲ ಕತ್ತರಿಸಿ ಬಿಸಾಕಿದ್ರಂತೆ, ಉಳಿದಿದ್ದು ಆ ಬೆನ್ನು ಒಂದೇ. ಮನೆಗೆ ಹೋಗಿ ಅತ್ರಂತೆ. ಸಿನಿಮಾ ಬಂದ ಮೇಲೆ ಬಸ್ಸಲ್ಲಿ ಹಿಂದಿನ ಸೀಟಿನೋರು ಬೆನ್ನು ನೋಡಿ ಗುರುತು ಹಿಡಿಯೋರಂತೆ. ಆಮೇಲಿಂದ ಕೆಲಸಕ್ಕೆ ಕೊರತೆ ಆಗ್ಲಿಲ್ಲ. "ಆ ಬೆನ್ನೇ ನನಗೆ ಅನ್ನ ಹಾಕಿದ್ದು. ನೀವೂ ಒಂದು ಸಲ ಬೆನ್ನು ತಿರುಗಿಸಿ ನೋಡಿ" ಅಂದ್ರು.

ಸುಂದ್ರಕ್ಕ ತಲೆ ಅಲ್ಲಾಡಿಸಿದ್ರು. ನಗು ಹೋಯ್ತು.

"ನಾನು ಒಂದ್ಸಲ ತಿರುಗ್ಬುಟ್ಟಿದ್ದೀನಿ ತಾಯಿ. ಐಕ್ಳು ಶಿಳ್ಳೆ ಒಡುದ್ರು ಅಂತ ಸಿಟ್ ಬಂದು, ಜನಕ್ಕೆ ಬೆನ್ನಾಕಿ ಒಳಕ್ಕೋದೆ. ಶಿಳ್ಳೆ ಒಡ್ಸ್ಕಂಡಿದ್ದು ಒಸದೇನಲ್ಲ. ಬೆನ್ನಾಕಿದ್ನಲ್ಲ, ಆಮೇಲೆ ಯಾವ್ ಮುಖ ಒತ್ಕಂಡು ಬಣ್ಣ ಅಚ್ಲಿ?"

ಒಂದು ವರ್ಷದಿಂದ ನಾವೆಲ್ಲ ಬೇರೇನೋ ಅಂದ್ಕೊಂಡಿದ್ವಿ. ಅವಮಾನ ಆಗಿದೆ, ಆ ಹುಡುಗರ ಕೈಲಿ ತಪ್ಪಾಯ್ತು ಅನ್ನಿಸಿದ್ರೆ ಸರಿಹೋಗ್ತದೆ ಅಂತ ಸಂಘದೋರು ಮಾತಾಡ್ಕೊಂಡಿದ್ರು. ನಾನೂ ಹಂಗೇ ತಿಳ್ಕೊಂಡಿದ್ದೆ.

ವೀಣಾ ಮೇಡಂ ಮೆಲ್ಲಗೆ ಇಂಗ್ಲಿಷಲ್ಲಿ ಹೇಳಿದ್ರು. ಹ್ಯಾರಿಯೆಟ್ಟಮ್ಮ ಸುಂದ್ರಕ್ಕನ ಕೈ ಬಿಡದೆ ಒಂದೇ ಒಂದು ಮಾತು ಕೇಳಿದ್ರು. "ನೀವು ತಿರುಗಿದ ಮೇಲೆ ಅವರು ಶಿಳ್ಳೆ ಹೊಡೆದ್ರಾ?"

ಸುಂದ್ರಕ್ಕ ಯೋಚನೆ ಮಾಡಿದ್ರು. "ಇಲ್ಲ. ಸುಮ್ಕಾದ್ರು. ಒಂದು ಸೊಲ್ಲೂ ಇರ್ಲಿಲ್ಲ."

"ಹಾಗಾದ್ರೆ ನಿಮ್ಮ ಬೆನ್ನು ಹೇಳಿದ್ದು ಅವರಿಗೆ ಕೇಳಿಸ್ತು" ಅಂದ್ರು ಹ್ಯಾರಿಯೆಟ್ಟಮ್ಮ.

ಹೊರಗೆ ಬೋಂಡ, ಕಾಫಿ ಕೊಟ್ರು. ಹ್ಯಾರಿಯೆಟ್ಟಮ್ಮ ಖಾರಕ್ಕೆ ಕಣ್ಣೀರು ಹಾಕ್ಕೊಂಡು ಎರಡನೇ ಬೋಂಡ ತಗೊಂಡ್ರು. ನಮ್ಮೂರಲ್ಲಿ ನಾಟಕದೋರು ಎಷ್ಟು ಸಂಬಳ ಕೊಡ್ತಾರೆ ಅಂತ ನನ್ನ ಕೇಳಿದ್ರು. ಕೊಡೋದಲ್ಲ, ಊರಿನ ಗಂಡಸರು ತಾವೇ ದುಡ್ಡು ಕೊಟ್ಟು ಪಾರ್ಟು ತಗೊಳ್ತಾರೆ, ರಾಜನ ಪಾರ್ಟಿಗೆ ಜಾಸ್ತಿ, ಕಾವಲುಗಾರಂಗೆ ಕಮ್ಮಿ ಅಂದೆ. ಅವರು ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡ್ರು. "ನಮ್ಮಲ್ಲೂ ಹೀಗೇ ಇದ್ದಿದ್ರೆ ನಾನು ಎಲ್ಲರಿಗಿಂತ ಕಮ್ಮಿ ಖರ್ಚಲ್ಲಿ ಎಲ್ಲರಿಗಿಂತ ಜಾಸ್ತಿ ಆಡ್ತಿದ್ದೆ" ಅಂದ್ರು. ಹೊರಡುವಾಗ ಸುಂದ್ರಕ್ಕ ಅವರ ಎರಡೂ ಕೆನ್ನೆಗೆ ಕೈ ಸವರಿ ನೆಟಿಗೆ ಮುರಿದ್ರು. ಹ್ಯಾರಿಯೆಟ್ಟಮ್ಮ ಅರ್ಥ ಏನು ಅಂತ ಯಾರನ್ನೂ ಕೇಳ್ಲಿಲ್ಲ.

ಬಸ್ ಸ್ಟ್ಯಾಂಡಿನವರೆಗೂ ಸುಂದ್ರಕ್ಕ ಬಂದ್ರು. ಗುಂಡ್ಲುಪೇಟೆ ಬಸ್ಸು ಹೊರಡಕ್ಕೆ ನಿಂತಿತ್ತು. ನಾನು ಚೀಲ ಮುಂದಕ್ಕೆ ಹಿಡಿದೆ. "ಮನೆ ಸೇರ್ಕೋ ಮಾದೇವ, ಒತ್ತಾಯ್ತದೆ" ಅಂತ ತಿರುಗಿ ಹೊರಟುಬಿಟ್ರು. ನಾನು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಎಲೆ ಬಾಡಿ ಮೆತ್ತಗಾಗಿತ್ತು. ಡ್ರೈವರ್ ಇಂಜಿನ್ ಶುರು ಮಾಡಿದ್ರು. ತಡೀಲಾರದೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದೆ.

"ಅಕ್ಕಾ, ನಾಟಕಕ್ಕೆ ಬತ್ತೀರೋ ಇಲ್ವೋ ಅಷ್ಟ್ ಹೇಳ್ಬುಡಿ!"

ಸುಂದ್ರಕ್ಕ ಜನದ ಮಧ್ಯ ನಿಂತ್ರು. ತಿರುಗ್ಲಿಲ್ಲ. ಹೊದ್ಕೊಂಡಿದ್ದ ಸೆರಗು ಕೆಳಗೆ ಜಾರಿತು. ಹೆಗಲು ಒಂದು ಸಲ ಮೇಲೆದ್ದು ಮೆಲ್ಲಗೆ ಇಳೀತು, ಕುತ್ತಿಗೆ ನೆಟ್ಟಗಾಯ್ತು. ಸೆರಗನ್ನ ಎಳೆದು ಸೊಂಟಕ್ಕೆ ಸಿಕ್ಕಿಸಿದ್ರು. ಹಂಗೇ ನಿಂತ್ರು.

ನನ್ನ ಪಕ್ಕ ಟಿಕೆಟ್ ಹರೀತಿದ್ದ ಕಂಡಕ್ಟರ್ ನನ್ನ ತೊಡೆ ಮೇಲಿನ ಎಲೆ ಅಡಿಕೆ ಚೀಲ ನೋಡಿ, ಬಗ್ಗಿ ಕಿಟಕಿಯಿಂದ ಆಚೆ ನೋಡಿದ್ರು. ಅವರಿಗೆ ಸುಂದ್ರಕ್ಕ ಯಾರು ಅಂತ ಗೊತ್ತಿಲ್ಲ, ಮುಖ ಸಹ ಕಂಡಿಲ್ಲ.

"ಒಪ್ಕಂಡ್ರಲ್ಲ ಸ್ವಾಮಿ, ಇನ್ನೇನ್ ನೋಡ್ತಾ ಕೂತಿದ್ದೀರಾ? ಕೊಡಾದಿದ್ರೆ ಇಳ್ದು ಕೊಟ್ಬುಡಿ. ಬಸ್ಸು ಇನ್ನೊಂದ್ ಬತ್ತದೆ" ಅಂದ್ರು.

ನಾನು ಚೀಲ ಎದೆಗೆ ಅವಚಿಕೊಂಡು ಇಳಿದೆ. ಹಿಂದಿನಿಂದ ಕಂಡಕ್ಟರ್ "ರೈಟ್" ಅಂದಿದ್ದು ಕೇಳಿಸ್ತು.