ಶಾಯಿ ಇಲ್ಲದ ಬೆರಳು

ಅಕ್ಕನ ಮೂಗಿನಲ್ಲಿ ಬೊಟ್ಟು ಇರಲಿಲ್ಲ. ಬೊಟ್ಟಿನ ಜಾಗದಲ್ಲಿ ಕಸಬರಿಗೆ ಕಡ್ಡಿಯ ಒಂದು ಚೂರು ಇತ್ತು. ಜೋಳದ ಕಾಳಿಗಿಂತ ಉದ್ದವಿಲ್ಲ, ಚುಚ್ಚದಂತೆ ತುದಿಯನ್ನು ಉಜ್ಜಿ ನುಣ್ಣಗೆ ಮಾಡಿಕೊಂಡಿದ್ದಳು. ಗಂಡ ಅವಳನ್ನು ಬಿಟ್ಟುಹೋಗುವಾಗ ಬೊಟ್ಟನ್ನೂ ಬಿಚ್ಚಿಸಿಕೊಂಡು ಹೋಗಿದ್ದ. ನಾನು ಮೊದಲಿಂದಲೂ ಬಾಯಿ ಬಡಕಿ, ಬಾಡಿಗೆಗೆ ಬಂದ ವಾರದಲ್ಲೇ ಕೇಳಿಬಿಟ್ಟೆ: ಬೊಟ್ಟೇ ಇಲ್ಲ ಅಂದಮೇಲೆ ಈ ಕಡ್ಡಿ ಯಾಕೆ?

"ತೂತು ಮುಚ್ಚಿಬಿಟ್ರ ಮತ್ತ ಚುಚ್ಚಿಸ್ಕೊಬೇಕಾಗ್ತದ ಟೀಚರ್," ಅಂದಳು. "ಒಂದ್ ಸಲ ಚುಚ್ಚಿಸ್ಕೊಂಡಿದ್ದೇ ಸಾಕಾಗೇದ."

ದೇವಾಪುರದ ಆಚೆ, ಕಾಲುವೆಯ ದಂಡೆಗೆ ಹತ್ತಿಕೊಂಡಂತಿದ್ದ ಊರು ಅದು. ನಾನು ಶಹಾಪುರದವಳು, ಶಾಲೆಯ ನೌಕರಿ ಸಿಕ್ಕಿ ಮೊದಲ ಸಲ ಮನೆ ಬಿಟ್ಟು ಬಂದಿದ್ದೆ. ಅಕ್ಕ ಅದೇ ಊರಿನ ಅಂಗನವಾಡಿಯಲ್ಲಿ ಕೆಲಸಕ್ಕಿದ್ದಳು. ಅವಳ ಮನೆಯ ಮುಂದಿನ ಕೋಣೆ ನನಗೆ, ಹಿಂದಿನದು ಅವಳಿಗೆ. ನಡುವಿನ ಪಡಸಾಲೆಯಲ್ಲಿ ಟೀವಿ ಇತ್ತು, ಹೀಗಾಗಿ ಪಡಸಾಲೆ ಇಡೀ ಓಣಿಯದು.

ರವಿವಾರ ಸಂಜೆ ದೆವ್ವದ ಕಾರ್ಯಕ್ರಮ ಬರುತ್ತಿತ್ತು. ಕರಿ ಅಂಗಿಯವನೊಬ್ಬ ಬ್ಯಾಟರಿ ಹಿಡಿದು ಹಾಳು ಮನೆಗಳಲ್ಲಿ ಓಡಾಡುತ್ತ, ಏದುಸಿರು ಬಿಡುತ್ತ, "ನಿಮಗೆ ಕೇಳಿಸಿತಾ?" ಎಂದು ನಮ್ಮನ್ನೇ ಕೇಳುತ್ತಿದ್ದ. ಓಣಿಯ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂರುತ್ತಿದ್ದರು. ಅಕ್ಕ ಕಾಲು ನೀಡಿಕೊಂಡು ಅಕ್ಕಿ ಆರಿಸುತ್ತ ನಗುತ್ತಿದ್ದಳು. ದೆವ್ವಕ್ಕೆ ಪಾದ ಹಿಂದುಮುಂದಾಗಿರುತ್ತದಂತೆ ಎಂದು ಯಾರಾದರೂ ಅಂದರೆ, ನಮ್ಮೂರ ಮಂದಿಗೆ ನಾಲಿಗೆಯೇ ಹಿಂದುಮುಂದಾಗಿದೆ, ಅದಕ್ಕೆ ಯಾರೂ ಅಂಜುವುದಿಲ್ಲವಲ್ಲ ಅನ್ನುತ್ತಿದ್ದಳು. ಮಾತೆಂದರೆ ಮಾತು, ಯಾರ ಮುಲಾಜೂ ಇಲ್ಲ.

ಅಂಥವಳು ಒಬ್ಬ ಮನುಷ್ಯನ ಎದುರು ಮಾತ್ರ ಮೆತ್ತಗಾಗುತ್ತಿದ್ದಳು. ಆತ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸದವನು, ದಿನಗೂಲಿ. ಊರವರು ಗೇಟಿನವ ಅನ್ನುತ್ತಿದ್ದರು, ನಾನು ಗೇಟಿನಣ್ಣ ಅನ್ನುತ್ತಿದ್ದೆ. ಯಾವ ದಿನ ಯಾವ ಹೊಲದ ಕಡೆ ನೀರು ಬಿಡುತ್ತಾರೆಂದು ಓಣಿಗೆ ಹೇಳಲು ಬರುವ ನೆಪ. ಒಳಗೆ ಬರುತ್ತಿರಲಿಲ್ಲ. ಕಟ್ಟೆಯ ಹತ್ತಿರ ನಿಂತು ಒಂದು ತಂಬಿಗೆ ನೀರು ಕುಡಿದು, ದಂಡೆಯಲ್ಲಿ ತಾನೇ ಬೆಳೆಸಿದ ಪುಂಡಿಪಲ್ಯದ ಕಟ್ಟೊಂದನ್ನು ಗೋಡೆಯ ಮೇಲಿಟ್ಟು ಹೋಗುತ್ತಿದ್ದ. ಅಷ್ಟೇ. ಪ್ರೀತಿ ಅಂದರೆ ಹೂವು, ಚೀಟಿ, ಕಣ್ಣೀರು ಎಂದುಕೊಂಡಿದ್ದ ನನಗೆ ಇದು ಪ್ರೀತಿ ಎಂದು ಹೊಳೆಯಲು ತಿಂಗಳುಗಳೇ ಹಿಡಿದವು. ಎಷ್ಟು ಪುಂಡಿಪಲ್ಯ ತಿನ್ನಬೇಕು ಅಕ್ಕಾ, ಹುಳಿಗೆ ಹಲ್ಲು ಜುಮ್ಮೆನ್ನುತ್ತಿವೆ ಎಂದು ಒಂದು ದಿನ ಗೊಣಗಿದೆ. ಅವಳ ಮೋರೆ ಕೆಂಪಾಯಿತು. ಆಗ ತಿಳಿಯಿತು.

ನಮ್ಮ ಕಡೆ ಗಂಡ ಬಿಟ್ಟವಳಿಗೆ ಇನ್ನೊಂದು ಮದುವೆ ಆಗಬೇಕಾದರೆ ಉಡಿಕಿ ಮಾಡುತ್ತಾರೆ. ಹಂದರವಿಲ್ಲ, ವಾಲಗವಿಲ್ಲ. ಗಂಡಸು ಸೀರೆ ಕೊಡುತ್ತಾನೆ, ಹೆಂಗಸು ಉಡುತ್ತಾಳೆ, ಹಿರಿಯರು ಉಡಿ ತುಂಬುತ್ತಾರೆ, ಅಲ್ಲಿಗೆ ಗಂಡ ಹೆಂಡತಿ. ಆದರೆ ಇವರಿಬ್ಬರ ಜಾತಿ ಬೇರೆ ಬೇರೆ, ಕೂಡಬೇಕಾದ ಹಿರಿಯರು ಎಲ್ಲಿಂದ ಬರಬೇಕು? ಚುನಾವಣೆ ಮುಗಿದ ಮೇಲೆ ಇಬ್ಬರೇ ಕೊಡೇಕಲ್‌ಗೆ ಹೋಗುವುದು, ಗುಡಿಯ ಮುಂದೆ ಆತ ಸೀರೆ ಕೊಡುವುದು ಎಂದು ಮಾತಾಗಿತ್ತು. ರಂಗಂಪೇಟೆಯಲ್ಲಿ ಸೀರೆ ತಂದೂ ಆಗಿತ್ತು. ಗಿಳಿಹಸಿರು ಬಣ್ಣ, ಕೆಂಪು ದಡಿ. ಆತನ ಖೋಲಿಯಲ್ಲಿ ಇಲಿಗಳ ಕಾಟವೆಂದು ಅಕ್ಕನ ಟ್ರಂಕಿನಲ್ಲೇ ಇಟ್ಟಿದ್ದರು. ಇನ್ನೂ ಕೊಟ್ಟಿಲ್ಲವಲ್ಲ, ಅದಕ್ಕೆ ಅವಳು ಮಡಿಕೆ ಬಿಚ್ಚಿ ನೋಡಿರಲಿಲ್ಲ.

ಪಂಚಾಯಿತಿ ಚುನಾವಣೆ ಅದು. ಊರಿನ ಧಣಿ ನಿಂತಿದ್ದರು. ಕಾಲುವೆ ಬಂದಮೇಲೆ ನಮ್ಮ ಕಡೆ ರಾಜಕೀಯವೆಂದರೆ ನೀರು, ನೀರೆಂದರೆ ರಾಜಕೀಯ. ಓಟಿಗೆ ಕೆಲವೇ ದಿನ ಇರುವಾಗ, ಪಾಳಿ ಇಲ್ಲದಿದ್ದರೂ ಊರ ಹೊಲಗಳಿಗೆ ನೀರು ಹರಿಸು ಎಂದು ಗೇಟಿನಣ್ಣನಿಗೆ ಹೇಳಿ ಕಳಿಸಿದರು. ಧಣಿ ನೀರು ತಂದರು ಅನಿಸಿಕೊಳ್ಳಬೇಕಿತ್ತು. ಆತ ಗೇಟಿಗೆ ಕೀಲಿ ಹಾಕಿ, ತಿರುಗಿಸುವ ಹಿಡಿಯನ್ನೂ ಬಿಚ್ಚಿ ಹೆಗಲ ಮೇಲಿಟ್ಟುಕೊಂಡು ಅಕ್ಕನ ಕಟ್ಟೆಗೆ ಬಂದ. ಕೊಟ್ಟುಬಿಡು, ದಿನಗೂಲಿಯವನಿಗೆ ಧಣಿಯ ಸಂಗಡ ಯಾಕೆ ಹಟ ಎಂದು ಅಕ್ಕ ಬೈದಳು. ನಾನೂ ಅದನ್ನೇ ಹೇಳಿದೆ.

"ಕೆಳಗಿನ ಊರಾಗೂ ಭತ್ತ ಹಾಲುಗಾಳಾಗೇದ," ಅಂದ. "ಅವ್ರ ಪಾಳಿ ನೀರು ನಾ ಹೆಂಗ ಕೊಡ್ಲಿ?"

ಧ್ವನಿ ಏರಿಸಲಿಲ್ಲ, ನೀರು ಕುಡಿದು ಹೋದ. ಆತ ಅಂಥ ದೊಡ್ಡ ಹೋರಾಟಗಾರನೇನಲ್ಲ. ಆಗೀಗ ಕುಡಿಯುತ್ತಿದ್ದ, ಒಮ್ಮೊಮ್ಮೆ ಸುಳ್ಳೂ ಹೇಳುತ್ತಿದ್ದ. ಪಾಳಿ ತಪ್ಪಿಸಲು ಮಾತ್ರ ಆತನ ಕೈ ಏಳುತ್ತಿರಲಿಲ್ಲ.

ಓಟಿನ ದಿನ ನನ್ನನ್ನು ಚುನಾವಣೆ ಡ್ಯೂಟಿಗೆ ಗುರುಮಠಕಲ್ ಕಡೆ ಹಾಕಿದ್ದರು. ಊರಲ್ಲಿ ಆದದ್ದನ್ನು ಅಕ್ಕನ ಬಾಯಿಂದಲೇ ಕೇಳಿದ್ದು. ನನ್ನ ತರಗತಿಯ ಕೋಣೆಯಲ್ಲೇ ಮತಗಟ್ಟೆ. ಕುಡಿಯುವ ನೀರು ಕೊಡಲು, ತಾಯಂದಿರ ಕೂಸು ಹಿಡಿದುಕೊಳ್ಳಲು ಅಕ್ಕನನ್ನು ಬಾಗಿಲಲ್ಲಿ ಕೂರಿಸಿದ್ದರು. ಮತಗಟ್ಟೆಯಲ್ಲಿ ಬಂದವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗಬೇಕು, ಅಲ್ಲಿ ಕೂತ ಏಜೆಂಟರು ತಕರಾರಿದ್ದರೆ ಎತ್ತಬೇಕು. ಮಧ್ಯಾಹ್ನ ಗೇಟಿನಣ್ಣನ ಹೆಸರು ಕೂಗಿದರು. ಹಿಂದಿನ ದಿನದಿಂದ ಆತನ ಮೋರೆ ಕಂಡಿರಲಿಲ್ಲ, ಅಕ್ಕ ಸೆರಗು ಸರಿಮಾಡಿಕೊಂಡು ತಲೆ ಎತ್ತಿದಳು. ಶಾಯಿಗೆ ಬೆರಳು ಚಾಚಿ ನಿಂತಿದ್ದವನು ಧಣಿಯ ಟ್ರ್ಯಾಕ್ಟರ್ ಹೊಡೆಯುವವ. ಏಜೆಂಟರು ಒಬ್ಬರ ಮೋರೆ ಒಬ್ಬರು ನೋಡಿ ಸುಮ್ಮನಾದರು.

ಅಕ್ಕನೂ ಸುಮ್ಮನಿದ್ದಳು. ಇದೇನು ಹೊಸದಲ್ಲ. ದುಡಿಯಲು ಪುಣೆಗೆ, ಮುಂಬೈಗೆ ಹೋದವರ ಓಟು ನಮ್ಮೂರುಗಳಲ್ಲಿ ಹೀಗೇ ಬೀಳುತ್ತಿತ್ತು, ನಡೀತದ ಬಿಡು ಅನ್ನುತ್ತಿದ್ದರು. ಗೇಟು ಬಿಟ್ಟು ಬಂದಿಲ್ಲ, ಸಂಜೆ ಬಂದು ತನ್ನ ಓಟು ಹೋಯಿತೆಂದು ಹಾರಾಡುತ್ತಾನೆ, ಕಾಡಿಸೋಣ ಎಂದು ಅವಳು ಒಳಗೊಳಗೇ ನಕ್ಕಿದ್ದಳಂತೆ. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ಬಡಿದಿದ್ದಳು.

ಆತ ಬರಲಿಲ್ಲ. ಮರುದಿನ ಬೆಳಿಗ್ಗೆ ಕೆಳಗಿನ ತೂಬಿನ ಜಾಲರಿಗೆ ಹೆಣ ಸಿಕ್ಕಿತ್ತು. ಊರೆಲ್ಲ ದಂಡೆಯ ಮೇಲೆ. ಓಟು ಹಾಕಿ, ಕುಡಿದು, ಕಾಲು ಜಾರಿ ಬಿದ್ದಾನೆ ಎಂದು ಹೆಣ ಮೇಲೆತ್ತುವ ಮೊದಲೇ ಧಣಿಯ ಮಂದಿ ಹೇಳುತ್ತಿದ್ದರು. ಡ್ಯೂಟಿ ಮುಗಿಸಿ ಬಂದ ನಾನು ಬಸ್ಸಿಳಿದು ನೇರ ಅಲ್ಲಿಗೇ ಹೋದೆ. ಅಕ್ಕ ಎಲ್ಲರ ಹಿಂದೆ ನಿಂತಿದ್ದಳು. ಹೆಂಡತಿಯಾಗಿದ್ದರೆ ಮೈಮೇಲೆ ಬಿದ್ದು ಅಳಬಹುದಿತ್ತು, ಬಳೆ ಒಡೆದುಕೊಳ್ಳಬಹುದಿತ್ತು. ಇವಳು ಯಾರು ಅಳುವುದಕ್ಕೆ? ಆತನ ಎಡಗೈ ಹೊದಿಸಿದ್ದ ಚಾಪೆಯಿಂದ ಹೊರಗೆ ಬಿದ್ದಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ನೀರಲ್ಲಿ ನೆನೆದು ಬಿಳುಪೇರಿದ ಬೆರಳುಗಳು, ಒಂದಕ್ಕೂ ಶಾಯಿ ಇರಲಿಲ್ಲ. ವಾರಗಟ್ಟಲೆ ಉಜ್ಜಿದರೂ ಹೋಗದ ಶಾಯಿ ಅದು.

ಮನೆಗೆ ಬಂದಮೇಲೆ ನನ್ನ ಕೈ ಹಿಡಿದು ಮತಗಟ್ಟೆಯ ಸುದ್ದಿ ಹೇಳಿದಳು. ಆಮೇಲೆ ಕೇಳಿದ ಮಾತು ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ.

"ಅಂವ ಬರೋದಿಲ್ಲಂತ ಅವ್ರಿಗಿ ಹೆಂಗ ಗೊತ್ತಿತ್ತು?"

ಠಾಣೆಗೆ ಇಬ್ಬರೂ ಹೋದೆವು. ಅಲ್ಲಿದ್ದವನು ಪೂರ್ತಿ ಕೇಳಿಸಿಕೊಂಡ, ಪೆನ್ನು ಮಾತ್ರ ಎತ್ತಲಿಲ್ಲ. ಕೊನೆಗೆ, "ನೀ ಅವಗೇನಾಗಬೇಕು?" ಅಂದ. ಊರೆಲ್ಲರ ಬಾಯಿ ಮುಚ್ಚಿಸುತ್ತಿದ್ದ ಅಕ್ಕನ ಹತ್ತಿರ ಹೇಳಿಕೊಳ್ಳಲು ಒಂದು ಸಂಬಂಧದ ಹೆಸರಿರಲಿಲ್ಲ. ಕುಡಿದು ಬಿದ್ದು ಸತ್ತ ಎಂದು ಬರೆದುಕೊಂಡು ಮುಗಿಸಿದರು. ಧಣಿ ಗೆದ್ದರು, ಗುಲಾಲು ಹಾರಿತು. ಮೆರವಣಿಗೆ ನಮ್ಮ ಓಣಿಯಿಂದಲೇ ಹೋಯಿತು.

ಆಮೇಲೆ ದೆವ್ವ ಹುಟ್ಟಿತು. ಗೇಟಿನ ಹತ್ತಿರ ಯಾರೋ ಕೆಮ್ಮುತ್ತಾರಂತೆ, ಹಿಡಿ ತಾನೇ ತಿರುಗುತ್ತದಂತೆ. ಹೊಸದಾಗಿ ಬಂದ ಗೇಟಿನವನು ಹೆದರಿ ಕತ್ತಲಾಗುವುದರೊಳಗೆ ಊರು ಸೇರತೊಡಗಿದ. ಕತ್ತಲಾದ ಮೇಲೆ ಧಣಿಯ ಮಂದಿ ಬೇಕಾದಷ್ಟು ನೀರು ಬಿಟ್ಟುಕೊಂಡರು. ಬೆಳಿಗ್ಗೆ ಗೇಟು ತೆರೆದಿದ್ದರೆ ದೆವ್ವ ತೆರೆಯಿತು ಅಂದರಾಯಿತು. ಕೆಳಗಿನ ಊರಿನವರೂ ದೆವ್ವದ ಮೇಲೆ ಎಲ್ಲಿ ದೂರು ಕೊಡಬೇಕು? ದೆವ್ವ ಯಾರಿಗೆ ಬೇಕಾಗಿರುತ್ತದೆ ಎಂದು ನನಗೆ ತಿಳಿದದ್ದು ಆಗಲೇ.

ಒಂದು ವರ್ಷ ಕಳೆದಿರಬೇಕು, ಆ ಕರಿ ಅಂಗಿಯವನೇ ನಮ್ಮೂರಿಗೆ ಬಂದ. ಕ್ಯಾಮೆರಾ, ಹೊಗೆಯ ಯಂತ್ರ, ನಾಲ್ಕು ಜನ. ಧಣಿಯ ಮನೆಯಲ್ಲೇ ಚಹಾ, ಉಪ್ಪಿಟ್ಟು. ಸುದ್ದಿ ಕೇಳಿ ಅಕ್ಕ ಟ್ರಂಕು ತೆಗೆದು ಗಿಳಿಹಸಿರು ಸೀರೆಯ ಮಡಿಕೆ ಬಿಚ್ಚಿದಳು. ಬೇಡ ಅಕ್ಕಾ, ಅವರು ದೆವ್ವ ಮಾರುವವರು, ನಿನ್ನ ಮಾತು ಅವರಿಗೆ ಯಾಕೆ ಬೇಕು ಎಂದು ಕೈ ಹಿಡಿದೆ.

"ಠಾಣೆದಾಗ ಕೇಳಲಿಲ್ಲ, ಪಂಚಾಯ್ತ್ಯಾಗ ಕೇಳಲಿಲ್ಲ," ಅಂದಳು. "ಟೀವ್ಯಾಗರ ಕೇಳಲಿ. ಊರೂರಿಗಿ ಕೇಳಲಿ."

ಸಂಜೆ ಕಾಲುವೆಯ ದಂಡೆಯ ಮೇಲೆ, ಆತ ಕೊಡಲಾಗದ ಸೀರೆಯನ್ನು ತಾನೇ ಉಟ್ಟುಕೊಂಡು ನಿಂತಳು. ಧಣಿಯ ಮಂದಿಯೆಲ್ಲ ಅಲ್ಲೇ ಇದ್ದರು. ನಡುಗದೆ ಎರಡು ಮಾತು ಹೇಳಿದಳು. ಅಂವ ನನಗ ಗಂಡ ಆಗಬೇಕಾಗಿದ್ದಾಂವ. ಅಂವ ಸತ್ತಮ್ಯಾಗ ಅವನ ಓಟು ಬಿದ್ದದ, ಹಾಕಿದಾಂವನ್ನ ನಾ ನೋಡೀನಿ. ಆಮೇಲೆ ಹಾಕಿದವನ ಹೆಸರನ್ನೂ ಹೇಳಿದಳು. ಕರಿ ಅಂಗಿಯವನು ತಲೆಯಾಡಿಸುತ್ತ ಕೇಳಿಕೊಂಡ. ಆ ಒಂದು ಗಳಿಗೆ ನಾನೂ ನಂಬಿಬಿಟ್ಟೆ.

ರವಿವಾರ ಪಡಸಾಲೆ ತುಂಬಿತ್ತು. ಟೀವಿಯಲ್ಲಿ ದೊಡ್ಡ ಅಕ್ಷರದಲ್ಲಿ ಬಂತು: ಸತ್ತ ಮೇಲೆ ಬಂದು ಮತ ಹಾಕಿದ ಆತ್ಮ. ಅಕ್ಕನ ಮೋರೆ ಬಂತು, ಸತ್ತಮ್ಯಾಗ ಅವನ ಓಟು ಬಿದ್ದದ ಎನ್ನುವಷ್ಟೇ ಕೇಳಿಸಿ ಸಂಗೀತ ಬಡಿಯಿತು. ಹೊಗೆಯೊಳಗಿಂದ ನೆರಳೊಂದು ಬಂದು ಬೆರಳು ಚಾಚಿತು, ಬೆರಳಿಂದ ಶಾಯಿ ರಕ್ತದ ಹಾಗೆ ತೊಟ್ಟಿಕ್ಕಿತು. ಪ್ರೀತಿಸಿದವಳನ್ನು ನೋಡಲು ಆತ್ಮ ಮತಗಟ್ಟೆಗೆ ಬಂದಿತ್ತಂತೆ. ಟ್ರ್ಯಾಕ್ಟರಿನವನ ಹೆಸರಿಲ್ಲ, ಧಣಿಯ ಸುದ್ದಿಯಿಲ್ಲ. ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಒಬ್ಬೊಬ್ಬರಾಗಿ ಎದ್ದು ಹೋದರು. ಅಕ್ಕ ಟೀವಿಯ ವೈರು ಕಿತ್ತು ಸುತ್ತಿಟ್ಟಳು. ಆ ಟೀವಿ ಮತ್ತೆ ಹತ್ತಲಿಲ್ಲ.

ಅಲ್ಲಿಂದ ಇಳಿಜಾರು. ಆತ್ಮ ಬೆನ್ನು ಹತ್ತಿದ ಹೆಂಗಸು ಎಂದು ತಾಯಂದಿರು ಅಂಗನವಾಡಿಗೆ ಕೂಸು ಕಳಿಸುವುದು ಬಿಟ್ಟರು. ಎಲ್ಲೆಲ್ಲಿಂದಲೋ ಮಂದಿ ಬಂದು, ನಿನ್ನ ಗಂಡನ ಆತ್ಮವನ್ನು ಕೇಳಿ ಹೇಳು, ಮಗಳ ಮದುವೆ ಯಾವಾಗ, ಕಳುವಾದ ಎತ್ತು ಎಲ್ಲಿ ಎಂದು ಕೇಳುತ್ತಿದ್ದರು. ಹಾಳಾದ ಜನ. ಬದುಕಿದ್ದಾಗ ಆಗದ ಗಂಡನನ್ನು ಸತ್ತಮೇಲೆ ಕಟ್ಟಿದರು. ಒಂದು ದಿನ ನೋಡುತ್ತೇನೆ, ಮೂಗಿನ ಕಡ್ಡಿ ಇಲ್ಲ. ಕೇಳುವ ಧೈರ್ಯ ಈ ಬಾಯಿ ಬಡಕಿಗೂ ಬರಲಿಲ್ಲ. ಕೆಲವು ತಿಂಗಳಲ್ಲಿ ತೂತು ಮುಚ್ಚಿ ಬರೀ ಕರಿ ಚುಕ್ಕಿ ಉಳಿಯಿತು.

ನಾನೂ ಆಗ ಒಬ್ಬನನ್ನು ಬಚ್ಚಿಟ್ಟುಕೊಂಡಿದ್ದೆ. ಯಾದಗಿರಿಯ ಒಬ್ಬ ಮೇಷ್ಟ್ರು, ಜಾತಿ ಬೇರೆ. ಅಪ್ಪನಿಗೆ ಹೇಳಲು ಆಗದೆ ಮುಂದಕ್ಕೆ ಹಾಕುತ್ತಲೇ ಇದ್ದೆ, ಆ ಚುನಾವಣೆ ಮುಗಿಯಲಿ, ಈ ಹಬ್ಬ ಮುಗಿಯಲಿ ಎಂದು. ಅಕ್ಕನೇ ಒಂದು ದಿನ ನನ್ನ ಗದ್ದ ಹಿಡಿದೆತ್ತಿದಳು.

"ನಾವು ಓಟು ಮುಗೀಲಿ ಅಂತ ಕುಂತ್ವಿ. ನೀ ಯಾವುದಕ್ಕೂ ಕುಂದರಬ್ಯಾಡ. ಯಾರರ ಕೇಳಿದ್ರ ಹೇಳಾಕ ಒಂದು ಹೆಸರು ಇರ್ಲಿ."

ಮರುವಾರವೇ ಅಪ್ಪನೆದುರು ಬಾಯಿಬಿಟ್ಟೆ. ಅಪ್ಪ ವರ್ಷಗಟ್ಟಲೆ ಮಾತು ಬಿಟ್ಟರು. ಮದುವೆಯ ದಿನ ರಿಜಿಸ್ಟರ್ ಕಚೇರಿಗೆ ನನ್ನ ಕಡೆಯಿಂದ ಸಾಕ್ಷಿಗೆ ಬಂದವಳು ಅಕ್ಕ ಒಬ್ಬಳೇ, ಅದೇ ಗಿಳಿಹಸಿರು ಸೀರೆಯಲ್ಲಿ. ನೀವು ಇವರಿಗೇನಾಗಬೇಕು ಎಂದು ಗುಮಾಸ್ತ ಕೇಳಿದಾಗ, ಕಚೇರಿಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ, "ಅಕ್ಕ ಆಗಬೇಕ್ರಿ," ಅಂದಳು.

ಮದುವೆಯಾಗಿ ನಾನು ಆ ಊರು ಬಿಟ್ಟ ಮೇಲೆ ಅಕ್ಕ ಕಾಮಾಲೆಯಾಗಿ ತೀರಿಹೋದಳು. ತಡಮಾಡಿ ದವಾಖಾನೆಗೆ ಬಂದಳು, ನನಗೆ ಸುದ್ದಿ ಮುಟ್ಟಿದ್ದು ಅದಕ್ಕೂ ತಡ. ಮಣ್ಣಿಗೆ ಹೋಗುವ ಮೊದಲು ಹಸಿರು ಸೀರೆಯನ್ನು ನಾನೇ ಹೊದಿಸಿದೆ. ಬಂದಿದ್ದವರು ಬೆರಳೆಣಿಕೆಯಷ್ಟು. ಅವಳನ್ನು ಮುಟ್ಟಲು ಕೆಲವರು ಹೆದರಿದರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಮೊನ್ನೆಯ ಚುನಾವಣೆಯಲ್ಲಿ ನನ್ನ ಡ್ಯೂಟಿ ಬೇರೊಂದು ಊರಿಗೆ ಬಿದ್ದಿತ್ತು. ಹೆಸರು ಕೂಗುವ ಕೆಲಸ. ಕೂಗಿದ ಮೇಲೆ ಮೋರೆ ನೋಡದೆ ನಾನು ಗುರುತು ಹಾಕುವುದಿಲ್ಲ, ಸಾಲು ನಿಧಾನವಾಗುತ್ತದೆ ಎಂದು ಜೊತೆಯವರು ಬೈಯುತ್ತಾರೆ. ಮಧ್ಯಾಹ್ನ ಒಬ್ಬ ತರುಣ ಬಂದು ಚೀಟಿ ಕೊಟ್ಟ. ಚೀಟಿಯಲ್ಲಿದ್ದ ವಯಸ್ಸಿಗೂ ಅವನಿಗೂ ತಂದೆ ಮಗನಷ್ಟು ಅಂತರ. ಈ ಹೆಸರಿನವನು ಎಲ್ಲಿ ಎಂದು ಕೇಳಿದೆ.

"ಅಂವ ಬರೋದಿಲ್ರಿ ಮೇಡಂ," ಅಂದ.

"ಬರೋದಿಲ್ಲಂತ ನಿನಗ ಹೆಂಗ ಗೊತ್ತು?"

ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ನಡೀತದ ಬಿಡ್ರಿ ಎಂದು ಏಜೆಂಟರು ನಕ್ಕರು. ನಡೆಯುವುದಿಲ್ಲ ಅಂದೆ. ಆ ಮನುಷ್ಯ ಬರಲಿ, ಇಲ್ಲದಿದ್ದರೆ ಎಲ್ಲಿದ್ದಾನೆಂದು ಯಾರಾದರೂ ಹೋಗಿ ನೋಡಿ ಬರಲಿ, ಅಲ್ಲಿಯವರೆಗೆ ಈ ಹೆಸರಿಗೆ ಗುರುತು ಬೀಳುವುದಿಲ್ಲ. ಮತಗಟ್ಟೆಯ ಅಧಿಕಾರಿ ಸಿಡುಕಿದರು, ಆದರೂ ಚೀಟಿ ವಾಪಸು ಕೊಟ್ಟು ಒಬ್ಬನನ್ನು ಕಳಿಸಿದರು. ಆಮೇಲೆ ಎಷ್ಟೋ ಹೆಸರು ಕೂಗಿದೆ, ಕಣ್ಣು ಮಾತ್ರ ಬಾಗಿಲ ಮೇಲೆ.

ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಮುದುಕ ಬೈದುಕೊಳ್ಳುತ್ತ ಬಂದ. ಗದ್ದೆಗೆ ನೀರು ಕಟ್ಟಿ ಬೇವಿನ ಗಿಡದ ಕೆಳಗೆ ಮಲಗಿದ್ದನಂತೆ. ನನ್ನ ನಿದ್ದಿ ಕೆಡಿಸೋ ಅಂಥ ಓಟು ಯಾವುದಿದು ಎಂದು ಎಲ್ಲರ ಮೇಲೂ ಹರಿಹಾಯ್ದ. ಮೊಣಕಾಲಿನ ತನಕ ಕೆಸರು. ನಾನು ಎದ್ದು ನಿಂತು, ಹೊರಗಿನ ಮಂದಿಗೂ ಕೇಳುವಂತೆ ಅವನ ಹೆಸರು ಕೂಗಿದೆ. ಅವನು ಕೆಸರು ಬೆರಳನ್ನು ಅಂಗಿಗೆ ಒರೆಸಿಕೊಂಡು ಚಾಚಿದ. ಉಗುರಿನ ಮೇಲೆ ಶಾಯಿ ಹತ್ತಿತು.

ಅಲ್ಲೇ ಕೂತು ಅತ್ತುಬಿಟ್ಟೆ. ಅಧಿಕಾರಿ ಗಾಬರಿಯಾದರು. "ಯಾಕ್ರಿ ಮೇಡಂ, ಆ ಮನುಷ್ಯ ನಿಮಗೇನಾಗಬೇಕು?"

"ಏನೂ ಆಗಬೇಕಿಲ್ರಿ," ಅಂದೆ. "ಬಂದನಲ್ರಿ."