ಬೆಕ್ಕಿಗೆ ಎರಡು ಗೆರೆ

ನಮ್ಮ ಮನೆಯಲ್ಲಿ ಕಾಯಿಲೆಯನ್ನು ಮೊದಲು ಕಂಡುಹಿಡಿಯುತ್ತಿದ್ದವು ಇರುವೆಗಳು. ಡಾಕ್ಟರು ಆಮೇಲೆ. ನಾನು ಮದುವೆಯಾಗಿ ಹರಿಹರದಿಂದ ದಾವಣಗೆರೆಗೆ ಬಂದ ಹೊಸದರಲ್ಲೇ, ಅತ್ತೆ ಬಚ್ಚಲಿಗೆ ಹೋಗಿ ಬಂದ ಮೇಲೆ ಅಲ್ಲಿ ಇರುವೆ ಮುತ್ತುವುದನ್ನು ಕಂಡಿದ್ದೆ. ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದಾಗ ಅತ್ತೆ ಮೊದಲು ಕೇಳಿದ್ದು ಔಷಧಿಯ ವಿಷಯವಲ್ಲ. "ಇದು ಹೊರಗೆ ಗೊತ್ತಾಗಲ್ಲ ಅಲ್ರೀ?" ಎಂದು ಕೇಳಿದ್ದರು.

ಮನೆಯಲ್ಲಿ ಮದುವೆಗೆ ಬಂದ ನಾದಿನಿ ಇದ್ದಳು. ತಾಯಿಗೆ ಬಂದದ್ದು ಮಗಳಿಗೂ ಬರುತ್ತದೆ ಎಂದು ನಾಲ್ಕು ಜನ ಆಡಿಕೊಂಡರೆ ಗಂಡಿನ ಕಡೆಯವರು ಯಾರೂ ನಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂಬ ಹೆದರಿಕೆ. ಆ ಹೆದರಿಕೆ ಅತ್ತೆಗಷ್ಟೇ ಅಲ್ಲ, ನನ್ನ ಗಂಡನಿಗೂ ಇತ್ತು, ನಿಜ ಹೇಳಬೇಕೆಂದರೆ ನನಗೂ ಇತ್ತು. ಹೀಗಾಗಿ ದಿನಾ ಬೆಳಿಗ್ಗೆ ಅಡುಗೆಮನೆಯ ಹಿಂಬಾಗಿಲಿಗೆ ಚಿಲಕ ಬೀಳುತ್ತಿತ್ತು. ಆ ಬಾಗಿಲಾಚೆ ಓಣಿಯ ಹೆಂಗಸರೆಲ್ಲ ನೀರು ಸೇದುವ ಬಾವಿ. ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುವುದು ನಾದಿನಿಯ ಕೆಲಸ. ಗಾಜಿನ ಸಿರಿಂಜು ಕುದಿಸಿ, ಒದ್ದೆ ಮರಳಿನ ಮಡಕೆಯಲ್ಲಿಟ್ಟ ಇನ್ಸುಲಿನ್ ಸೀಸೆ ತೆಗೆದು, ಅತ್ತೆಯ ತೊಡೆಗೆ ಚುಚ್ಚುವುದು ನನ್ನ ಕೆಲಸ.

ಡಾಕ್ಟರ ಹತ್ತಿರ ಇದ್ದ ಕಂಪೌಂಡರು ನನಗೆ ಉಚ್ಚೆಯ ಪರೀಕ್ಷೆಯನ್ನೂ ಕಲಿಸಿದ್ದರು. ಗಾಜಿನ ನಳಿಗೆಗೆ ಒಂದು ನೀಲಿ ಔಷಧಿ ಹಾಕಿ, ಕೆಲವು ಹನಿ ಉಚ್ಚೆ ಬಿಟ್ಟು, ಸ್ಪಿರಿಟ್ ದೀಪಕ್ಕೆ ಹಿಡಿದು ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ, ಹಳದಿಯಾದರೆ ಜಾಸ್ತಿ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಕೆಟ್ಟಿತು ಎಂದೇ ಅರ್ಥ.

ಬೆಕ್ಕು ನಮ್ಮ ಮನೆಗೆ ಬಂದದ್ದು ಇಲಿಗಳ ಸಲುವಾಗಿ. ನಮ್ಮವರದು ಶೇಂಗಾ ಮಂಡಿ, ಮನೆಯ ಪಕ್ಕಕ್ಕೇ ಚೀಲ ಪೇರಿಸುವ ಗೋದಾಮು. ಬೂದು ಬಣ್ಣದ ಗಂಡುಬೆಕ್ಕು ಬಂದ ಹೊಸದರಲ್ಲಿ ಮನಸ್ಸಿಟ್ಟು ದುಡಿಯಿತು. ಆಮೇಲೆ ಅತ್ತೆಯ ಮಡಿಲು ಸಿಕ್ಕಿತು, ಹಾಲನ್ನ ಸಿಕ್ಕಿತು. ಇಲಿ ಮೂಗಿನ ಮುಂದೆ ಹಾದುಹೋದರೂ ಕಣ್ಣು ಮುಚ್ಚಿಕೊಂಡು ಕೂರುವ ದೊಡ್ಡಸ್ತಿಕೆಯೂ ಬಂತು. ಅತ್ತೆ ಊಟಕ್ಕೆ ಕೂತರೆ ಅವರ ಎಡ ಮೊಣಕಾಲಿನ ಪಕ್ಕ ಅದರ ಖಾಯಂ ಜಾಗ. ಅಂಥ ದಪ್ಪ ಬೆಕ್ಕು ಒಂದು ಬೇಸಿಗೆಯ ಆರಂಭದಲ್ಲಿ ಸೊರಗತೊಡಗಿತು. ತೊಟ್ಟಿಯ ನೀರನ್ನು ಕುಡಿದದ್ದೇ ಕುಡಿದದ್ದು. ಒಂದು ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಅದು ಮಾಡಿದ್ದ ಗಲೀಜಿಗೆ ಇರುವೆಗಳು ಸಾಲುಗಟ್ಟಿ ಬರುತ್ತಿದ್ದವು.

ನಾನು ಸುತ್ತಮುತ್ತ ನೋಡಿದೆ. ಯಾರೂ ಇರಲಿಲ್ಲ. ಕಲ್ಲಿನ ಮೇಲಿದ್ದದ್ದರಲ್ಲಿ ಒಂದಿಷ್ಟನ್ನು ಹನಿಕೊಳವೆಯಲ್ಲಿ ಎಳೆದುಕೊಂಡು ನಳಿಗೆಗೆ ಬಿಟ್ಟು ಕುದಿಸಿದೆ. ಒಳ್ಳೆಯ ಮನೆತನದ ಸೊಸೆ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಬೆಕ್ಕಿನ ಉಚ್ಚೆ ಕುದಿಸುತ್ತಿದ್ದೇನಲ್ಲ ಎಂದು ನನಗೇ ಮೈ ಹಿಡಿಯಾಯಿತು. ನಳಿಗೆ ನೋಡನೋಡುತ್ತಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

ಅತ್ತೆಗೆ ಹೇಳಿದರೆ ಅವರು ಬೆಂಕಿಯಾದರು. "ನನ್ನ ನಳಿಗ್ಯಾಗೆ ಬೆಕ್ಕಿಂದು ಹಾಕಿದ್ಯಾ? ನಿಂಗೆ ಬುದ್ಧಿ ಐತಾ ಇಲ್ಲಾ?" ಎಂದರು. ನಳಿಗೆಯನ್ನು ಬೂದಿ ಹಾಕಿ ತಿಕ್ಕಿಸಿದರು, ಮತ್ತೆ ತಿಕ್ಕಿಸಿದರು, ಕಡೆಗೆ ಅದನ್ನು ಬೆಕ್ಕಿಗೇ ಬಿಟ್ಟು ಬೇರೆಯದು ತರಿಸಿದರು. ಆದರೆ ಬೈಯುತ್ತಿದ್ದಾಗ ಅವರ ಕಣ್ಣು ನನ್ನ ಮೇಲಿರಲಿಲ್ಲ, ಬೆಕ್ಕಿನ ಮೇಲಿತ್ತು. ಬೈಗುಳ ತಿನ್ನುವ ಭರದಲ್ಲಿ ನಾನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ದಾವಣಗೆರೆಯಲ್ಲಿ ದನದ ಆಸ್ಪತ್ರೆ ಇತ್ತು. ಆದರೆ ಅಲ್ಲಿಗೆ ಹೋದರೆ ಬೆಕ್ಕಿಗೆ ಸಕ್ಕರೆ ಕಾಯಿಲೆ ಎಂದು ನಿನಗೆ ಹೇಗೆ ತಿಳಿಯಿತು, ಪರೀಕ್ಷೆಯ ಸಾಮಾನು ನಿಮ್ಮ ಮನೆಯಲ್ಲಿ ಯಾಕಿದೆ ಎಂದು ಕೇಳುತ್ತಾರೆ. ಹರಿಹರದ ನನ್ನ ತವರಿನ ಓಣಿಯಲ್ಲಿ ನಿವೃತ್ತರಾದ ದನದ ಡಾಕ್ಟರೊಬ್ಬರಿದ್ದರು, ನಾನು ಲಂಗ ಉಡುತ್ತಿದ್ದಾಗಿನಿಂದ ನನ್ನನ್ನು ಬಲ್ಲವರು. ತವರಿಗೆ ಹೋಗಿ ಬರುತ್ತೇನೆಂದು ಹೇಳಿ, ಬೆಕ್ಕನ್ನು ಬಿದಿರು ಬುಟ್ಟಿಗೆ ಹಾಕಿ, ಮೇಲೆ ಹಳೇ ಸೀರೆ ಬಿಗಿದು ರೈಲು ಹತ್ತಿದೆ.

ಬುಟ್ಟಿ ಅಲುಗಾಡುವುದನ್ನು ಕಂಡು ಎದುರಿಗೆ ಕೂತಿದ್ದ ಅಜ್ಜಿ ನನ್ನ ಹಣೆಯ ವಿಭೂತಿಯನ್ನೂ ಬುಟ್ಟಿಯನ್ನೂ ಒಂದಾದ ಮೇಲೊಂದು ನೋಡಿದಳು. "ಯವ್ವಾ, ಒಳಗೇನು ಕೋಳಿ ಐತಾ?"

"ಕೋಳಿ ಅಲ್ಲಜ್ಜಿ, ಬೆಕ್ಕು."

"ಬೆಕ್ಕನ್ನ ಎಲ್ಲಿಗೆ ಒಯ್ತೀಯವ್ವಾ?"

"ದವಾಖಾನೆಗೆ."

ಡಬ್ಬಿಗೆ ಡಬ್ಬಿಯೇ ನಕ್ಕಿತು. ಹರಿಹರ ಬರುವವರೆಗೂ ನಾನು ಕಿಟಕಿಯ ಹೊರಗೇ ಮುಖ ಇಟ್ಟುಕೊಂಡಿದ್ದೆ. ಇಂಜಿನ್ನಿನ ಕಲ್ಲಿದ್ದಲ ಹುಡಿ ಕಣ್ಣಿಗೆ ಬಿದ್ದರೂ ಒಳಗೆ ತಿರುಗಲಿಲ್ಲ.

ದನದ ಡಾಕ್ಟರು ನಗಲಿಲ್ಲ. ಬೆಕ್ಕಿನ ಬಾಯಿ ಮೂಸಿ ನೋಡಿದರು, ಬೆನ್ನು ಸವರಿದರು, ಅಂಗಳದಲ್ಲಿ ನಡೆಸಿದರು. ಅದು ಬೆಕ್ಕಿನಂತೆ ಬೆರಳಿನ ಮೇಲೆ ನಡೆಯದೆ ಹಿಂಗಾಲಿನ ಹಿಮ್ಮಡಿಯನ್ನೂ ನೆಲಕ್ಕೆ ಊರಿ ಕುಸಿದು ಕುಸಿದು ನಡೆಯುತ್ತಿತ್ತು. ಸಕ್ಕರೆ ಹೀಗೇ ಇದ್ದರೆ ಕಾಲು ಪೂರ್ತಿ ಬೀಳುತ್ತದೆ, ಆಮೇಲೆ ಬೆಕ್ಕು ಉಳಿಯುವುದಿಲ್ಲ ಎಂದರು. ಅತ್ತೆಯ ಕಾಯಿಲೆಯನ್ನು ಅವರಿಗೊಬ್ಬರಿಗೆ ಹೇಳಲೇಬೇಕಾಯಿತು. ಅದೇ ಸೀಸೆಯಿಂದ ಬೆಕ್ಕಿಗೆ ಸಿರಿಂಜಿನ ಎರಡು ಗೆರೆಯಷ್ಟು ಸಾಕು, ಅದು ಹೊಟ್ಟೆಗೆ ತಿಂದ ಮೇಲಷ್ಟೇ ಕೊಡಬೇಕು, ತಿನ್ನದ ದಿನ ಸೂಜಿ ಮುಟ್ಟಬಾರದು ಎಂದು ಹೇಳಿಕೊಟ್ಟರು.

"ಮಾಂಸ ಹಾಕ್ಬೇಕಮ್ಮ. ಅದರ ಮೈ ಆಗಿರೋದೇ ಅದಕ್ಕೆ."

"ನಮ್ಮ ಮನ್ಯಾಗೆ ಹೆಂಗೆ ಸಾರ್ ಅದು?"

"ಹಂಗಾರೆ ಗೋದಾಮಿಗೆ ಬಿಡು, ಇಲಿ ತಿನ್ಲಿ. ಸಿಹಿ ಮಾತ್ರ ನಾಲಿಗೆಗೆ ತಾಗಬಾರದು."

"ಬೆಕ್ಕಿಗೆ ಯಾರು ಸಿಹಿ ಹಾಕ್ತಾರೆ ಸಾರ್?"

"ಯಾರೋ ಹಾಕ್ತಾ ಅದಾರೆ," ಎಂದರು ಡಾಕ್ಟರು. "ಮನೆಗೋಗಿ ನೋಡು."

ಹೀಗೆ ಚಿಲಕ ಹಾಕಿದ ಅಡುಗೆಮನೆಯಲ್ಲಿ ರೋಗಿಗಳು ಇಬ್ಬರಾದರು. ಸೂಜಿ ಕೊಡುವಾಗ ಬೆಕ್ಕು ಹಾಲಿನ ಬಟ್ಟಲಿನಿಂದ ತಲೆಯನ್ನೂ ಎತ್ತುತ್ತಿರಲಿಲ್ಲ. ನರಳುವ ಕೆಲಸವನ್ನೆಲ್ಲ ಅತ್ತೆಯೇ ಮಾಡುತ್ತಿದ್ದರು. ಒಂದು ದಿನ ನಾದಿನಿ ಚಿಲಕ ಹಾಕುವ ಮೊದಲೇ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಒಳಗೆ ಬಂದು, ನನ್ನ ಕೈಯಲ್ಲಿದ್ದ ಸಿರಿಂಜು ನೋಡಿಬಿಟ್ಟಳು. "ಯಾರಿಗ್ರೀ ಸೂಜಿ?" ಎಂದಳು. ಅತ್ತೆಯ ಮುಖ ಬೂದಿಯಾಯಿತು. "ಬೆಕ್ಕಿಗ್ರೀ, ಸಕ್ಕರೆ ಕಾಯ್ಲೆ" ಎಂದೆ. ಸುಳ್ಳೂ ಅಲ್ಲವಲ್ಲ.

ಮಧ್ಯಾಹ್ನದೊಳಗೆ ಬಾವಿಕಟ್ಟೆಯ ತುಂಬ ಅದೇ ಮಾತು. ನನಗೆ ಬೆಕ್ಕಿನ ನರ್ಸಮ್ಮ ಎಂದು ಹೆಸರು ಬಿತ್ತು. ಮಂಡಿಯ ಹಮಾಲರು ನನ್ನ ಗಂಡನಿಗೆ ಕೇಳಿಸುವಂತೆ ಮಿಯಾಂವ್ ಎನ್ನುತ್ತಿದ್ದರಂತೆ. ನೀರಿಗೆ ಹೋದರೆ ಹೆಂಗಸರು "ಪೇಶಂಟು ಹೆಂಗೈತ್ರೀ?" ಎಂದು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದರು. ಕೊಡ ತುಂಬುವಷ್ಟು ಹೊತ್ತು ಅಲ್ಲಿ ನಿಲ್ಲುವುದೇ ನನಗೆ ಶಿಕ್ಷೆಯಾಯಿತು. ಅತ್ತೆಗೆ ಮಾತ್ರ ಒಳಗೊಳಗೇ ನಿರಾಳ. ಇನ್ನು ಮನೆಯಲ್ಲಿ ಯಾರು ಸಿರಿಂಜು ಕಂಡರೂ ಅದು ಬೆಕ್ಕಿನದು. ಅವರ ನಾಚಿಕೆಯನ್ನು ಬೆಕ್ಕು ಹೊತ್ತುಕೊಂಡಿತ್ತು, ಬೆಕ್ಕಿನದನ್ನು ನಾನು.

ಸೂಜಿ ಸುರುವಾದ ಮೇಲೆ ಬೆಕ್ಕಿನ ನಳಿಗೆ ಹಳದಿಗೆ ಬಂತು, ಹಸಿರಿಗೂ ಬಂತು. ಆದರೆ ಮಂಗಳವಾರ ಬಂತೆಂದರೆ ಮತ್ತೆ ಇಟ್ಟಿಗೆ ಬಣ್ಣ. ನಮ್ಮಲ್ಲಿ ಸೋಮವಾರ ಅಯ್ಯನೋರನ್ನು ಕರೆದು ಪಾದಪೂಜೆ ಮಾಡಿ, ಓಣಿಯ ಒಂದೆರಡು ಮನೆಯವರನ್ನೂ ಕೂರಿಸಿ ಊಟ ಹಾಕುವ ಪದ್ಧತಿ. ಅವತ್ತು ಗೋಧಿ ಹುಗ್ಗಿ ಇರಲೇಬೇಕು, ಬೆಲ್ಲ ಸುರಿದು, ಮೇಲೆ ತುಪ್ಪ ಸುರಿದು. ಬಡಿಸಿದ್ದೆಲ್ಲ ಪ್ರಸಾದ, ತಟ್ಟೆಯಲ್ಲಿ ಅಗುಳೂ ಬಿಡುವಂತಿಲ್ಲ. ಮುಂದಿನ ಸೋಮವಾರ ನಾನು ಬಡಿಸುವ ನೆಪದಲ್ಲಿ ಕಂಬದ ಮರೆಗೆ ನಿಂತೆ. ಅತ್ತೆ ಅಯ್ಯನೋರ ಕಡೆಗೆ ಮುಖ ಮಾಡಿ ಭಕ್ತಿಯಿಂದ ಮಾತಾಡುತ್ತಿದ್ದರು. ಎಡಗೈ ಮಾತ್ರ ಸೆರಗಿನ ಕೆಳಗೆ ಹುಗ್ಗಿಯ ಉಂಡೆಗಳನ್ನು ಬೆಕ್ಕಿಗೆ ದಾಟಿಸುತ್ತಿತ್ತು. ಊಟ ಮುಗಿದ ಮೇಲೆ ತಟ್ಟೆಗೆ ನೀರು ಬಿಟ್ಟು ತೊಳೆದು ಆ ನೀರನ್ನೂ ಕುಡಿದರು. ಪ್ರಸಾದ ಒಂದು ಅಗುಳೂ ಕೆಡಲಿಲ್ಲ, ಎಲ್ಲರೂ ನೋಡಿದರು.

ಎಲ್ಲರೂ ಹೋಗುವವರೆಗೆ ಕಾದು ನಾನು ಸಿಡಿದೆ. "ನಿಮ್ಮ ಪಾಲಿನ ಸಕ್ಕರೆನೆಲ್ಲಾ ಅದರ ಹೊಟ್ಟೆಗೆ ಹಾಕಿ ಈಗ ಅದಕ್ಕೆ ಸೂಜಿ ಚುಚ್ಚಿಸ್ತೀರಲ್ಲ ಅತ್ತೆ!"

ತಿರುಗಿ ಬೈಯುತ್ತಾರೆಂದು ಕಾದರೆ, ಅವರು ಗೋಡೆಗೆ ಒರಗಿ ಕೂತುಬಿಟ್ಟರು. "ನಾನೇನ್ ಮಾಡ್ಲೇ ಹುಡುಗಿ? ಪ್ರಸಾದ ಬಿಡಂಗಿಲ್ಲ. ಡಾಕ್ಟರು ಬ್ಯಾಡ ಅಂದಾರೆ, ತಿನ್ನಂಗಿಲ್ಲ. ಯಾಕ ಬ್ಯಾಡ ಅಂತ ಕೇಳಿದ್ರೆ ಹೇಳಂಗಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ನಳಿಗೆ ಕೆಂಪಾಗೈತೆ ಅಂತ ನೀನು ಅಂದಾಗಲೇ ಗೊತ್ತಾತು ನಂಗೆ, ಇದು ನಂದೇ ಕೆಲಸ ಅಂತ."

ಮರುವಾರದಿಂದ ಸೋಮವಾರ ಬೆಕ್ಕನ್ನು ಗೋದಾಮಿಗೆ ಕೂಡಿಹಾಕಿದೆ. ಹುಗ್ಗಿ ಎಲ್ಲಿಗಾದರೂ ಹೋಗಲೇಬೇಕಲ್ಲ, ಅತ್ತೆಯೇ ತಿಂದರು. ಬೆಕ್ಕಿನ ನಳಿಗೆ ಹಸಿರಾಗಿ ನಿಂತಿತು, ಅವರದು ಇಟ್ಟಿಗೆ ಬಣ್ಣಕ್ಕೆ ಹೋಯಿತು. ತಲೆ ಸುತ್ತಿ ಬಚ್ಚಲಲ್ಲಿ ಬಿದ್ದರು. ಡಾಕ್ಟರು ನನ್ನನ್ನು ಬೈದರು. ಒಂದು ಮಾತು ಬಾಯಿಬಿಟ್ಟು ಹೇಳಿಬಿಡಿ ಅತ್ತೆ ಎಂದರೆ, "ಮಗಳ ಮದುವೆ ಆಗ್ಲಿ, ಆಮ್ಯಾಲೆ" ಎನ್ನುತ್ತಿದ್ದರು. ಅವರು ಬಿದ್ದ ಮೇಲೆ ಸೋಮವಾರ ಗೋದಾಮಿನ ಬಾಗಿಲು ತೆಗೆದಿಟ್ಟವಳು ನಾನೇ. ಬೆಕ್ಕಿನ ಹಿಂಗಾಲು ಮತ್ತೆ ಕುಸಿಯಿತು.

ಅಷ್ಟರಲ್ಲಿ ಹರಿಹರದ ಒಂದು ಸಂಬಂಧ ಕೂಡಿಬಂತು. ಕೊಂಡಜ್ಜಿ ಊರಿನ ಕಡೆ ಹೊಲ ಇದ್ದ ಒಳ್ಳೆಯ ಮನೆತನ. ಹುಡುಗಿ ಒಪ್ಪಿಗೆಯಾಗಿ, ಮಾತುಕತೆ ಮುಗಿಸಿ ಊಟ ಮಾಡಿಕೊಂಡು ಹೋಗಲು ಬಂದಿದ್ದರು. ಅಯ್ಯನೋರೂ ಬಂದಿದ್ದರು. ಬೆಕ್ಕು ಆ ನಡಿಗೆಯಲ್ಲಿ ಬೀಗರ ಕಣ್ಣಿಗೆ ಬೀಳಬಾರದೆಂದು ನಾನು ಅದನ್ನು ಗೋದಾಮಿನಲ್ಲಿ ಹಾಕಿ ಅಗಳಿ ಜಡಿದಿದ್ದೆ. ಹೆಂಗಸರ ಪಂಕ್ತಿಯಲ್ಲಿ ಅತ್ತೆಯ ಪಕ್ಕಕ್ಕೇ ಹುಡುಗನ ತಾಯಿ. ನಾನು ಅತ್ತೆಗೆ ಸವಟಿನ ತುದಿಯಲ್ಲಿ ಹುಗ್ಗಿ ಬಡಿಸಿದರೆ ಆಕೆ ಸುಮ್ಮನಿರಲಿಲ್ಲ. "ಇದೇನವ್ವಾ, ಅತ್ತೆಗೆ ಇಷ್ಟು ಕೈಬಿಗಿ? ಹಾಕು, ಹಾಕು!" ಎಂದು ನನ್ನ ಕೈಯಿಂದ ಸವಟು ತಗೊಂಡು ತಾನೇ ತಟ್ಟೆ ತುಂಬ ಹಾಕಿದಳು.

ಆಗಲೇ ಬೆಕ್ಕು ಬಂತು. ಹಮಾಲ ಯಾರೋ ಚೀಲಕ್ಕೆಂದು ಗೋದಾಮು ತೆಗೆದಿರಬೇಕು. ಹಿಮ್ಮಡಿ ಊರಿಕೊಂಡು, ಅಲ್ಲಲ್ಲಿ ಕೂತು ಸುಧಾರಿಸಿಕೊಂಡು, ಪಂಕ್ತಿಯ ಉದ್ದಕ್ಕೂ ನಡೆದು ಬಂದು ಅತ್ತೆಯ ಎಡ ಮೊಣಕಾಲಿನ ಪಕ್ಕ ಕೂತಿತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಬೆಕ್ಕಿಗೆ ಸೂಜಿ ಹಾಕೋ ಮನೆ ಅಂತ ಹರಿಹರದಾಗೂ ಸುದ್ದಿ ಐತ್ರಿ ನಿಮ್ದು," ಎಂದು ಹುಡುಗನ ತಾಯಿ ನಕ್ಕಳು. ಒಳ್ಳೆಯ ನಗುವೇ, ಕುಹಕವಿರಲಿಲ್ಲ. "ಅಲ್ರೀ, ಬೆಕ್ಕಿಗೆ ಎಲ್ಲಿಂದ ಬರುತ್ತೆ ಸಕ್ಕರೆ ಕಾಯ್ಲೆ?"

ಅತ್ತೆಯ ಎಡಗೈ ಆಗಲೇ ಸೆರಗಿನ ಕೆಳಗೆ ಹೋಗಿತ್ತು, ಅದರಲ್ಲಿ ಹುಗ್ಗಿಯ ಉಂಡೆಯೂ ಇತ್ತು. ಬೆಕ್ಕು ಕತ್ತೆತ್ತಿ ಬಾಯಿ ತೆರೆಯಿತು. ಅತ್ತೆ ಅದನ್ನು ನೋಡಿದರು. ಕಂಬದ ಹತ್ತಿರ ಹೊಸ ಸೀರೆಯಲ್ಲಿ ನಿಂತಿದ್ದ ಮಗಳನ್ನು ನೋಡಿದರು. ಆಮೇಲೆ ಆ ಕೈಯನ್ನು ಎಲ್ಲರ ಎದುರಿಗೆ ಹೊರಗೆ ತೆಗೆದು ಉಂಡೆಯನ್ನು ತಟ್ಟೆಗೆ ಇಟ್ಟರು.

"ನನ್ನಿಂದ ಬಂತ್ರಿ," ಎಂದರು. "ಕಾಯ್ಲೆ ನಂಗೈತೆ. ದಿನಾ ಸೂಜಿ ತಗಂತೀನಿ. ನನ್ನ ಪಾಲಿನ ಹುಗ್ಗಿ ಇದಕ್ಕೆ ತಿನ್ನಿಸಿ ತಿನ್ನಿಸಿ ಇದಕ್ಕೂ ತಂದಿಟ್ಟೆ. ನಂಗೆ ಬ್ಯಾಡ್ರಿ. ಅಯ್ಯನೋರೇ, ತಪ್ಪಾತು."

ಅಯ್ಯನೋರು ತಟ್ಟೆ ನೋಡಿಕೊಂಡು ಕೂತರು. ನಾನು ಹುಗ್ಗಿಯ ಪಾತ್ರೆ ಹಿಡಿದು ನಿಂತೇ ಇದ್ದೆ. ಆ ಹೊತ್ತಿನಲ್ಲಿ ನನಗೆ ಅತ್ತೆಯ ಮೇಲೆ ಹೆಮ್ಮೆ ಬಂತೆಂದು ಬರೆಯಬಹುದಿತ್ತು. ಬರಲಿಲ್ಲ. ಈ ಮುದುಕಿ ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂದೇ ಅನ್ನಿಸಿತು. ಬೀಗರು ಉಳಿದ ಊಟ ಮರ್ಯಾದೆಯಿಂದ ಮುಗಿಸಿ, ಎಲೆಅಡಿಕೆ ತಗೊಂಡು, ತಿಳಿಸುತ್ತೇವೆ ಎಂದು ಹೇಳಿ ರೈಲಿಗೆ ಹೋದರು.

ಅತ್ತೆ ಆಮೇಲೆ ನಡುಮನೆಗೇ ಬರಲಿಲ್ಲ, ದೇವರ ಕೋಣೆಯಲ್ಲೇ ಉಳಿದರು. ಮನೆಯಲ್ಲಿ ಹುಗ್ಗಿ ಮಾಡುವುದು ನಿಂತಿತು. ಬೆಕ್ಕು ಬೇರೆ ದಾರಿ ಕಾಣದೆ ಗೋದಾಮಿಗೆ ಹೋಗಿ ಇಲಿ ಹಿಡಿಯತೊಡಗಿತು. ಅದರ ನಳಿಗೆ ಹಸಿರಾಯಿತು, ಒಂದು ದಿನ ಎಷ್ಟು ಕುದಿಸಿದರೂ ನೀಲಿಯಾಗಿಯೇ ಉಳಿಯಿತು. ಖುಷಿಯಿಂದ ಹೇಳಲು ಹೊರಟವಳು ಹೊಸ್ತಿಲಲ್ಲೇ ನಿಂತೆ. ಹರಿಹರದಿಂದ ಸಂಬಂಧ ತಂದಿದ್ದ ದೂರದ ಮಾವ ಬಂದು ಜಗಲಿಯಲ್ಲಿ ನನ್ನ ಗಂಡನ ಹತ್ತಿರ ಮಾತಾಡುತ್ತಿದ್ದರು. ಹುಡುಗನಿಗೆ ಈ ವರ್ಷ ಬೇಡವಂತೆ. ನಾದಿನಿ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಅಳಲಿಲ್ಲ, ಉಣ್ಣಲೂ ಇಲ್ಲ. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಮರುದಿನ ಬೆಳಿಗ್ಗೆ ಸಿರಿಂಜನ್ನು ಕುದಿಯಲು ಇಟ್ಟು, ರೂಢಿಯಂತೆ "ಚಿಲಕ ಹಾಕವ್ವ" ಎಂದೆ. ನಾದಿನಿ ಎದ್ದು ಬಾಗಿಲಿನ ಹತ್ತಿರ ಹೋದಳು. ಹೋದವಳು ಎರಡೂ ಕದಗಳನ್ನು ಗೋಡೆಗೆ ತಾಗುವ ಹಾಗೆ ತೆಗೆದಳು. ಬಾವಿಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ಹಗ್ಗ ಹಿಡಿದುಕೊಂಡೇ ಒಳಗೆ ನೋಡಿದರು. ಅವಳು ಬೆಕ್ಕನ್ನು ಎತ್ತಿಕೊಂಡು ಬೆಳಕಿಗೆ ಸರಿಯಾಗಿ ಹೊಸ್ತಿಲ ಹತ್ತಿರ ಕೂತಳು.

"ಅಯ್ಯೋ, ಚಿಲಕ!" ಎಂದರು ಅತ್ತೆ ದೇವರ ಕೋಣೆಯಿಂದ.

"ಇನ್ಯಾಕವ್ವಾ?" ಎಂದಳು ನಾದಿನಿ. "ಬಾ. ಇದಕ್ಕೆ ಗುಣ ಆಗೈತಂತೆ, ಇವತ್ತು ನಿಂದೊಂದೇ."

ಅತ್ತೆ ಸೆರಗನ್ನು ತಲೆಯ ಮೇಲಿಂದ ಎಳೆದು ಮುಖ ಪೂರ್ತಿ ಮುಚ್ಚಿಕೊಂಡರು. ಮುಚ್ಚಿಕೊಂಡೇ ಗೋಡೆ ಹಿಡಿದು ನಡೆದು ಬಂದು, ಬೆಳಕಿನಲ್ಲಿ ಮಗಳ ಪಕ್ಕ ಕೂತರು.